ನೆಲದಡಿಯ ಪೈಪಿನಲ್ಲಿ ಫೈಬರ್ ಕೇಬಲ್ ಎಳೆಯಬೇಕು, ಮಾಡಿದವರು ಹೇಳ್ತೀರಾ?

ಕೇಳಿದವರು:

ಎರಡು ಕಟ್ಟಡಗಳ ನಡುವೆ ಫೈಬರ್ ಹಾಕಬೇಕು. ದೂರ ಸುಮಾರು 350 ಮೀಟರ್. ನೆಲದಡಿ ಹಳೇ ಪಿವಿಸಿ ಪೈಪ್ ಖಾಲಿ ಇದೆ, ಒಳ ಅಳತೆ 50 ಮಿ.ಮೀ. ನಡುವೆ ಎರಡು ಛೇಂಬರ್ (ಪೈಪಿನ ದಾರಿಯಲ್ಲಿ ಮುಚ್ಚಳ ಇರುವ ಗುಂಡಿ). ಎರಡನೇ ಕಟ್ಟಡದ ಪಕ್ಕದಲ್ಲೇ 90 ಡಿಗ್ರಿಯ ಎರಡು ಬೆಂಡ್ ಇವೆ. 24 ಕೋರ್ (ಒಳಗೆ 24 ಗಾಜಿನ ಎಳೆ) ಸಿಂಗಲ್ ಮೋಡ್ ಕೇಬಲ್ ಬಂದಿದೆ, ದಪ್ಪ 12 ಮಿ.ಮೀ. ತಾಮ್ರದ ಕೇಬಲ್ ಎಳೆದು ಅಭ್ಯಾಸ ಇದೆ, ಫೈಬರ್ ಇದೇ ಮೊದಲು. ಯಂತ್ರ ಇಲ್ಲ, ನಾಲ್ಕು ಜನ ಇದ್ದೇವೆ. ಕೈಯಲ್ಲೇ ಎಳೆಯಬಹುದಾ? ಎಲ್ಲಿ ಎಡವುತ್ತೇವೆ?

ಕೇಬಲ್ ಎಳೆಯುವ ತಂಡದವರು:

ಧಾರಾಳವಾಗಿ ಎಳೆಯಬಹುದು. ಆದರೆ ಕೇಬಲ್ ಡ್ರಮ್ ಕಡೆ ಈಗಲೇ ಹೋಗಬೇಡಿ. ಮೊದಲು ಪೈಪ್ ನೋಡಿ. ನನ್ನ ಅನುಭವದಲ್ಲಿ ಕೆಟ್ಟ ಕೆಲಸಗಳೆಲ್ಲ ಪೈಪಿನಿಂದ ಕೆಟ್ಟಿವೆ, ಕೇಬಲ್‌ನಿಂದಲ್ಲ.

ಶುರುವಿನ ದಿನಗಳಲ್ಲಿ ಒಂದು ಕಡೆ ಹಗ್ಗ ಸಲೀಸಾಗಿ ಹೋಯಿತು, ಹಾಗಾಗಿ ಪೈಪ್ ಸರಿ ಇದೆ ಅಂದುಕೊಂಡೆವು. 180 ಮೀಟರ್ ಹತ್ತಿರ ಕೇಬಲ್ ನಿಂತಿತು. ಮುಂದೆ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಅಗೆದು ನೋಡಿದರೆ ಎರಡು ಪೈಪ್ ಜೋಡಿಸುವ ಕಪ್ಲರ್ ಬಿಟ್ಟುಕೊಂಡು, ಆ ಸಂದಿಯಿಂದ ಮರದ ಬೇರು ಜಡೆ ಹಾಗೆ ಒಳಗೆ ಇಳಿದಿತ್ತು. ಕೇಬಲ್ಲಿನ ಜಾಕೆಟ್, ಅಂದರೆ ಹೊರಕವಚ, ಅರ್ಧ ಮೀಟರ್ ಉದ್ದಕ್ಕೆ ಸುಲಿದುಹೋಗಿತ್ತು. ಹಗ್ಗ ಸಣ್ಣ ಸಂದಿಯಲ್ಲೂ ನುಸುಳುತ್ತದೆ, ಅದನ್ನು ನಂಬಬೇಡಿ.

ಈಗ ನಾವು ಮಾಡುವುದು ಹೀಗೆ. 40 ಮಿ.ಮೀ. ದಪ್ಪದ ಮರದ ಗುಂಡು, ಎರಡೂ ತುದಿ ಚೂಪಾಗಿ ಕೆತ್ತಿದ್ದು. ಎರಡೂ ತುದಿಗೆ ಕೊಂಡಿ, ಎರಡೂ ಕೊಂಡಿಗೆ ಹಗ್ಗ. ಸಿಕ್ಕಿಕೊಂಡರೆ ಹಿಂದಕ್ಕೆ ಎಳೆಯಲು ಆ ಎರಡನೇ ಹಗ್ಗ ಬೇಕೇ ಬೇಕು. ಹಗ್ಗಕ್ಕೆ ಐದೈದು ಮೀಟರಿಗೆ ಬಣ್ಣದ ಟೇಪ್ ಸುತ್ತಿ, ಎಲ್ಲಿ ನಿಂತಿತು ಅಂತ ಲೆಕ್ಕ ಸಿಗುತ್ತದೆ. ಗುಂಡು ಪಾಸಾದ ಮೇಲೆ ಬಟ್ಟೆ ಕಟ್ಟಿ ಎರಡು ಸಲ ಎಳೆದು ಕೆಸರು, ಮರಳು ತೆಗೆಯಿರಿ.

ಇನ್ನು ಯಾವ ಕಡೆಯಿಂದ ಬಿಡಬೇಕು ಅನ್ನುವುದು. ಇದಕ್ಕೆ ಜಾಸ್ತಿ ಜನ ಗಮನ ಕೊಡುವುದಿಲ್ಲ. ಬೆಂಡ್ ಇರುವ ಕಡೆ ಡ್ರಮ್ ಇಡಿ, ಅಂದರೆ ನಿಮ್ಮ ಎರಡನೇ ಕಟ್ಟಡದ ಹತ್ತಿರ. ಬೆಂಡ್ ಎಳೆತವನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಘರ್ಷಣೆಯ ಗುಣಾಂಕ 0.3 ಅಂದುಕೊಂಡರೆ ಒಂದು 90 ಡಿಗ್ರಿ ಬೆಂಡ್‌ಗೆ 1.6 ಪಟ್ಟು, ಎರಡಕ್ಕೆ ಹತ್ತಿರ ಹತ್ತಿರ 2.6 ಪಟ್ಟು. ಕೇಬಲ್ ಮೀಟರಿಗೆ 120 ಗ್ರಾಂ ಇದ್ದರೆ 350 ಮೀಟರ್ ನೇರ ಪೈಪಿಗೆ 12-13 ಕೆ.ಜಿ. ಎಳೆತ ಸಾಕು. ಬೆಂಡ್ ಕೊನೆಯಲ್ಲಿ ಬಂದರೆ ಅದೇ 32 ಕೆ.ಜಿ. ದಾಟುತ್ತದೆ. ಬೆಂಡ್ ಮೊದಲಲ್ಲೇ ಬಂದರೆ, ಡ್ರಮ್ ಬಳಿ 2 ಕೆ.ಜಿ. ಬಿಗಿ ಇದ್ದರೂ, ಒಟ್ಟು 18ರ ಸುತ್ತ ನಿಲ್ಲುತ್ತದೆ. ಅದೇ ಪೈಪ್, ಅದೇ ಕೇಬಲ್, ಬರೀ ದಿಕ್ಕು ಬೇರೆ.

ಹೊರಾಂಗಣ ಕೇಬಲ್‌ಗೆ ಸಾಮಾನ್ಯವಾಗಿ 2700 ನ್ಯೂಟನ್, ಸುಮಾರು 275 ಕೆ.ಜಿ., ಮಿತಿ ಇರುತ್ತದೆ. ನಿಮ್ಮದರ ಮಾಹಿತಿ ಹಾಳೆಯಲ್ಲಿ ಏನಿದೆಯೋ ಅದೇ ಅಂತಿಮ. ಜೀಪಿಗೆ ಕಟ್ಟಿ ಎಳೆಯುವ ಯೋಚನೆ ಮಾತ್ರ ಬೇಡ. ತಾಮ್ರ ಒಂದಿಷ್ಟು ಹಿಗ್ಗಿ ತಡೆದುಕೊಳ್ಳುತ್ತದೆ, ಗಾಜು ತಡೆಯುವುದಿಲ್ಲ.

ತುದಿ ಕಟ್ಟುವುದು: ಜಾಕೆಟ್ ಹಿಡಿದು ಎಳೆದರೆ ಜಾಕೆಟ್ ಮಾತ್ರ ಬರುತ್ತದೆ. ತುದಿಯಿಂದ 30-40 ಸೆಂ.ಮೀ. ಜಾಕೆಟ್ ಸುಲಿಯಿರಿ. ಒಳಗೆ ಹಳದಿ ಬಣ್ಣದ ಅರಾಮಿಡ್ ನೂಲು ಸಿಗುತ್ತದೆ. ಫೈಬರ್ ಟ್ಯೂಬ್‌ಗಳನ್ನು ಅಲ್ಲೇ ಕತ್ತರಿಸಿ. ನೂಲನ್ನು ಎರಡು ಪಾಲು ಮಾಡಿ, ಹಗ್ಗಕ್ಕೂ ಕೇಬಲ್ಲಿಗೂ ನಡುವೆ ತನ್ನಷ್ಟಕ್ಕೆ ತಿರುಗುವ ಕೊಂಡಿಯಾದ ಸ್ವಿವೆಲ್‌ನ ಕಣ್ಣಿಗೆ ಎದುರು ಬದುರಾಗಿ ಪೋಣಿಸಿ, ಹಿಂದಕ್ಕೆ ಮಡಚಿ, ಜಾಕೆಟ್ ಮೇಲೆ ಹೆಣೆದು ಬಿಗಿಯಾಗಿ ಟೇಪ್ ಸುತ್ತಿ. ಮೂತಿ ಚೂಪಾಗಿ ಬರಲಿ, ಕಪ್ಲರ್ ಅಂಚಿಗೆ ತಡೆಯಬಾರದು. ನಡುವೆ ಗಟ್ಟಿ ಕಡ್ಡಿ ಇರುವ ಕೇಬಲ್ ಆದರೆ ಅದನ್ನೂ ಹಿಡಿತಕ್ಕೆ ಸೇರಿಸಬೇಕು. ಸ್ವಿವೆಲ್ ಇಲ್ಲದಿದ್ದರೆ ಹಗ್ಗದ ಹುರಿ ಬಿಚ್ಚಿಕೊಳ್ಳುವಾಗ ಕೇಬಲ್ ಕೂಡ ತಿರುಚಿಕೊಳ್ಳುತ್ತದೆ.

ಎಳೆಯುವಾಗ ಕೇಬಲ್ ದಪ್ಪದ 20 ಪಟ್ಟು, ಅಂದರೆ ನಿಮಗೆ 24 ಸೆಂ.ಮೀ. ತ್ರಿಜ್ಯಕ್ಕಿಂತ ಚಿಕ್ಕದಾಗಿ ಬಾಗಬಾರದು. ನಿಮ್ಮ ಬೆಂಡ್‌ಗಳು ಉದ್ದನೆಯ ಸ್ವೀಪ್ ಬೆಂಡೋ, ನೀರಿನ ಪೈಪಿನ ಚಿಕ್ಕ ಎಲ್ಬೋನೋ ನೋಡಿ. ಎಲ್ಬೋ ಆಗಿದ್ದರೆ ಅದನ್ನು ಬದಲಿಸದೆ ಮುಂದೆ ಹೋಗಬೇಡಿ.

ಹಳೇ ಎಲೆಕ್ಟ್ರಿಷಿಯನ್:

ಮೇಲೆ ಹೇಳಿದ್ದೆಲ್ಲ ಸರಿ. ಒಂದು ಸೇರಿಸುತ್ತೇನೆ. ಸೋಪಿನ ನೀರು, ಗ್ರೀಸ್ ಹಾಕಬೇಡಿ. ನಾವೂ ವರ್ಷಗಟ್ಟಲೆ ಸೋಪ್ ಹಾಕಿದವರೇ. ಪಾಲಿಥೀನ್ ಜಾಕೆಟ್ ಬಾಗಿದ ಜಾಗದಲ್ಲಿ ಡಿಟರ್ಜೆಂಟ್ ಕೂತರೆ ನಿಧಾನಕ್ಕೆ ಸೀಳು ಬಿಡುತ್ತದೆ. ಕೇಬಲ್‌ಗೆಂದೇ ನೀರಿನಲ್ಲಿ ತಯಾರಾದ ಲೂಬ್ರಿಕೆಂಟ್ ಬರುತ್ತದೆ, ಅದನ್ನೇ ಬಳಸಿ. ಕೇಬಲ್ ಪೈಪಿಗೆ ಇಳಿಯುವ ಬಾಯಲ್ಲೇ ಹಚ್ಚಿ, ಬೆಂಡ್‌ಗೆ ಅದು ಒದ್ದೆಯಾಗಿಯೇ ಹೋಗಬೇಕು.

ಸುರಕ್ಷತೆ ನೋಡಿಕೊಳ್ಳುವವರು:

ಇಷ್ಟು ಹೊತ್ತು ಯಾರೂ ಛೇಂಬರ್ ಬಗ್ಗೆ ಮಾತಾಡಿಲ್ಲ. ದಯವಿಟ್ಟು ಇದನ್ನು ಓದಿ. ಮೊಣಕಾಲು ಎತ್ತರದ ಗುಂಡಿ ಆದರೆ ಮೇಲಿಂದಲೇ ಕೈ ಹಾಕಿ ಕೆಲಸ ಮಾಡಿ. ಆಳವಾಗಿದ್ದು ಆಳು ಇಳಿಯಬೇಕಾದರೆ ಮುಚ್ಚಳ ತೆಗೆದು ಸುಮ್ನೆ ಸ್ವಲ್ಪ ಹೊತ್ತು ಬಿಟ್ಟರೆ ಸಾಲದು. ಗ್ಯಾಸ್ ಮೀಟರ್ ಇಳಿಸಿ ತಳದ ಗಾಳಿ ನೋಡಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಯಾರೂ ಇಳಿಯಬಾರದು. ವಾಸನೆ ಬರುತ್ತಿಲ್ಲ ಅನ್ನುವುದು ಲೆಕ್ಕಕ್ಕಿಲ್ಲ. ಹೈಡ್ರೋಜನ್ ಸಲ್ಫೈಡ್ ಜಾಸ್ತಿ ಆದಾಗ ಮೂಗಿಗೆ ಅದರ ವಾಸನೆಯೇ ಹಿಡಿಯದು. ಬ್ಲೋವರ್‌ನಿಂದ ಗಾಳಿ ಕೊಡುತ್ತಲೇ ಇರಿ. ಇಳಿದವನ ಸೊಂಟಕ್ಕೆ ಬೆಲ್ಟ್ ಅಲ್ಲ, ಮೈಗೆ ಹಾರ್ನೆಸ್ ಮತ್ತು ಹಗ್ಗ ಇರಲಿ, ಮೇಲೆ ಒಬ್ಬ ಕಾಯುತ್ತಿರಲಿ. ಒಳಗಿನವನು ಕುಸಿದರೆ ಮೇಲಿನವನು ಇಳಿಯಲೇಬಾರದು, ಹಗ್ಗದಿಂದಲೇ ಎತ್ತಬೇಕು. ಉಳಿಸಲು ಇಳಿದವರೇ ಸತ್ತ ಸುದ್ದಿ ಎಷ್ಟು ಸಲ ಓದಿದ್ದೇವೆ, ಅಲ್ವಾ? ಛೇಂಬರ್ ಆಳವಾಗಿದ್ದರೆ ನಾಲ್ಕು ಜನ ಸಾಲದು.

ಸ್ಪ್ಲೈಸಿಂಗ್ (ಫೈಬರ್ ಜೋಡಣೆ) ಮಾಡುವವರು:

ಎಳೆಯುವ ಮೊದಲೇ, ಡ್ರಮ್‌ನಲ್ಲಿರುವಾಗಲೇ 24 ಕೋರ್‌ಗೂ ಓಟಿಡಿಆರ್ (ಬೆಳಕು ಬಿಟ್ಟು ಫೈಬರ್‌ನಲ್ಲಿ ಎಲ್ಲಿ ಎಷ್ಟು ನಷ್ಟ ಅಂತ ಗೆರೆಯಲ್ಲಿ ತೋರಿಸುವ ಯಂತ್ರ) ಹಾಕಿ ಫೈಲ್ ಉಳಿಸಿಕೊಳ್ಳಿ. ಆಮೇಲೆ ತೊಂದರೆ ಬಂದರೆ ಅದು ಕಾರ್ಖಾನೆಯದೋ ಎಳೆದಿದ್ದರಿಂದ ಆಗಿದ್ದೋ ಅಂತ ಹೇಳಲು ಬೇರೆ ದಾರಿ ಇಲ್ಲ. ಎಳೆದ ಮೇಲೆ 1310 ಮತ್ತು 1550 ನ್ಯಾನೋಮೀಟರ್, ಬೆಳಕಿನ ಈ ಎರಡೂ ತರಂಗಾಂತರದಲ್ಲಿ ನೋಡಿ. ಒಂದು ಕಡೆ 1310ರಲ್ಲಿ ಗೆರೆ ನೀಟಾಗಿತ್ತು. 1550ರಲ್ಲಿ ಛೇಂಬರ್ ಇರುವ ಜಾಗದಲ್ಲಿ 0.4 ಡಿಬಿ ಮೆಟ್ಟಿಲು, ಅಂದರೆ ಅಲ್ಲಿ ಬೆಳಕು ಅಷ್ಟು ನಷ್ಟವಾಗಿ ಗೆರೆ ಕುಸಿದಿತ್ತು. 1550ರಲ್ಲಿ ಮಾತ್ರ ನಷ್ಟ ಜಾಸ್ತಿ ಕಂಡರೆ ಕೇಬಲ್ ಎಲ್ಲೋ ಬಾಗಿದೆ ಅಂತ ಅರ್ಥ. ಹೋಗಿ ನೋಡಿದರೆ ಛೇಂಬರಿನಲ್ಲಿ ಹೆಚ್ಚುವರಿಯಾಗಿ ಬಿಟ್ಟ ಕೇಬಲ್ಲಿನ ಲೂಪ್‌ಗೆ ಹಾಕಿದ ಕೇಬಲ್ ಟೈ ಮಾಂಸ ಕಚ್ಚಿದ ಹಾಗೆ ಬಿಗಿದಿತ್ತು. ಟೈ ಕತ್ತರಿಸಿದೆ, ಮತ್ತೆ ಅಳೆದೆ, ಮೆಟ್ಟಿಲು ಮಾಯ. ಅಂದಿನಿಂದ ನಾನು ವೆಲ್ಕ್ರೋ ಪಟ್ಟಿ ಬಿಟ್ಟು ಬೇರೇನೂ ಕಟ್ಟುವುದಿಲ್ಲ.

ಪ್ರತಿ ಛೇಂಬರ್‌ನಲ್ಲಿ ಹತ್ತು ಮೀಟರ್ ಲೂಪ್ ಬಿಡಿ. ಮುಂದೆ ಯಾರೋ ಅಗೆದು ಕೇಬಲ್ ತುಂಡರಿಸಿದಾಗ ಆ ಹತ್ತು ಮೀಟರೇ ಕಾಪಾಡುವುದು. ಲೂಪ್‌ಗಾಗಿ ಛೇಂಬರ್‌ನಿಂದ ಮೇಲೆ ತೆಗೆದ ಕೇಬಲ್ಲನ್ನು ನೆಲದ ಮೇಲೆ ಎಂಟರ ಆಕಾರದಲ್ಲಿ ಹಾಕಿ, ಸುರುಳಿ ಸುತ್ತಬೇಡಿ, ತಿರುಚಿಕೊಳ್ಳುತ್ತದೆ.

ಇನ್ನೊಂದು. 50ರ ಪೈಪಿನಲ್ಲಿ 12ರ ಕೇಬಲ್ ಅಂದರೆ ಜಾಗ ಬೇಕಾದಷ್ಟು ಉಳಿಯುತ್ತದೆ. ಆದರೆ ಮುಂದೆ ಎರಡನೇ ಕೇಬಲ್ ಎಳೆಯುವಾಗ ಹಗ್ಗ ಮೊದಲಿನ ಕೇಬಲ್ ಮೇಲೆ ಗರಗಸದ ಹಾಗೆ ಉಜ್ಜಿ ಜಾಕೆಟ್ ಕೊಯ್ಯುತ್ತದೆ. ಸಾಧ್ಯವಾದರೆ ಈಗಲೇ ಒಳಗೆ ಎರಡು ಸಣ್ಣ ಡಕ್ಟ್ ಎಳೆದು, ಒಂದರಲ್ಲಿ ಕೇಬಲ್ ಹಾಕಿ. ಪೈಪಿನ ಎಲ್ಲ ಬಾಯಿಗೂ ಪ್ಲಗ್ ಹಾಕಿ, ಇಲ್ಲದಿದ್ದರೆ ನೀರು, ಇಲಿ ಎರಡೂ ಬರುತ್ತವೆ. ಕೇಬಲ್‌ನಲ್ಲಿ ಲೋಹ ಇಲ್ಲದಿದ್ದರೆ ಜೊತೆಗೊಂದು ತಾಮ್ರದ ತಂತಿ ಬಿಡಿ, ಮೇಲಿಂದ ನೆಲದಡಿಯ ಲೋಹ ಹುಡುಕುವ ಲೊಕೇಟರ್‌ಗೆ ಸಿಗಲು.

ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಧನ್ಯವಾದ. ಛೇಂಬರ್ ಎರಡೂ ಮುಕ್ಕಾಲು ಮೀಟರ್ ಆಳ, ಇಳಿಯುವ ಅಗತ್ಯ ಇಲ್ಲ. ಇಂದು ಮರದ ಗುಂಡು ಮಾಡಿಸಿ ಎಳೆದೆವು. ಮೊದಲ ಎರಡು ಭಾಗ ಸಲೀಸು. ಮೂರನೇ ಭಾಗದಲ್ಲಿ, ಎರಡನೇ ಛೇಂಬರ್‌ನಿಂದ 60 ಮೀಟರ್ ದಾಟಿ ನಿಂತುಬಿಟ್ಟಿತು. ಹಿಂದಿನ ಹಗ್ಗ ಇದ್ದಿದ್ದರಿಂದ ವಾಪಸ್ ಬಂತು. ಲೆಕ್ಕ ಹಾಕಿದರೆ ಅದು ಸರಿಯಾಗಿ ಮೊದಲ ಬೆಂಡ್ ಇರುವ ಜಾಗ. ಅಗೆದೆವು. ನೀವು ಹೇಳಿದ ಹಾಗೆ ಚಿಕ್ಕ ಎಲ್ಬೋ!

ಕೇಬಲ್ ಎಳೆಯುವ ತಂಡದವರು:

ಕೇಬಲ್ ಹಾಕುವ ಮೊದಲೇ ಸಿಕ್ಕಿದ್ದು ಒಳ್ಳೆಯದಾಯಿತು. ಎರಡನೇ ಬೆಂಡ್ ಕೂಡ ಅದೇ ದಿನ ಅದೇ ಕೈ ಕೂರಿಸಿದ್ದು ಇರಬೇಕು, ಅದನ್ನೂ ಅಗೆದು ನೋಡಿ. ಎರಡಕ್ಕೂ ಅರ್ಧ ಮೀಟರ್ ತ್ರಿಜ್ಯದ ಸ್ವೀಪ್ ಬೆಂಡ್ ಹಾಕಿ, ಪೈಪ್ ಕತ್ತರಿಸಿದ ಅಂಚನ್ನು ಒಳಗಿನಿಂದ ಕೆರೆದು ನಯ ಮಾಡಿ. ಮಣ್ಣು ಮುಚ್ಚುವ ಮೊದಲು ಗುಂಡನ್ನು ಇನ್ನೊಮ್ಮೆ ಎಳೆಯಿರಿ.