ಕಿಟ್ ಕಾರಿನ ಬ್ರೇಕ್: ಪೆಡಲ್ ಮೊದಲು ಸ್ಪಂಜು, ಆಮೇಲೆ ಕಲ್ಲು

ಪ್ರಶ್ನೆ (ಲೆಸ್ಟರ್, ಇಂಗ್ಲೆಂಡ್): ನಮಸ್ಕಾರ ಸರ್. ಎರಡು ವರ್ಷದಿಂದ ಮನೆ ಗ್ಯಾರೇಜಲ್ಲಿ ಲೋಟಸ್ ಸೆವೆನ್ ಮಾದರಿಯ ಕಿಟ್ ಕಾರು ಕಟ್ಟುತ್ತಿದ್ದೇನೆ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲ ಹಳೆಯ ಮಜ್ದಾ ಎಂಎಕ್ಸ್-5ರಿಂದ ಬಿಚ್ಚಿದ್ದು. ಜಾಗ ಸಾಲದೆ ಬೂಸ್ಟರ್ (ಕಾಲಿನ ಬಲಕ್ಕೆ ನೆರವಾಗೋ ಭಾಗ) ಕೈಬಿಟ್ಟೆ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) 22.2 ಮಿ.ಮೀ., ಪೆಡಲ್ ಅನುಪಾತ (ಕಾಲಿನ ಬಲ ಎಷ್ಟು ಪಟ್ಟಾಗುತ್ತೆ ಅನ್ನೋದು) ಅಳೆದರೆ 4:1. ನಾನು ಕೂತಾಗ ತೂಕ 640 ಕೆ.ಜಿ., ಅದರಲ್ಲಿ ಮುಂದೆ 300. ಖಾಸಗಿ ಏರ್‌ಫೀಲ್ಡ್‌ನಲ್ಲಿ ಓಡಿಸಿದೆ. ಪೆಡಲ್ ಅರ್ಧದವರೆಗೆ ಮೆತ್ತಗೆ ಇಳಿಯುತ್ತೆ, ಆಮೇಲೆ ಕಲ್ಲು ಒದ್ದ ಹಾಗೆ. ಒಣ ನೆಲದಲ್ಲಿ ಎಷ್ಟು ತುಳಿದರೂ ಚಕ್ರ ಲಾಕ್ ಆಗಲ್ಲ. ಒದ್ದೆಯಲ್ಲಿ ಮುಂದಿನವೆರಡು ಮಾತ್ರ ನಿಂತು ಜಾರುತ್ತವೆ. ದೊಡ್ಡ ಡಿಸ್ಕ್, ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್‌ಗೆ ಒತ್ತೋ ಭಾಗ) ಹಾಕಿಸಲಾ?

ಉತ್ತರ: ದುಡ್ಡು ಜೇಬಲ್ಲೇ ಇರಲಿ. ಸಾವಿರ ಕೆ.ಜಿ. ಕಾರನ್ನು ನಿಲ್ಲಿಸುತ್ತಿದ್ದ ಡಿಸ್ಕ್‌ಗೆ ನಿಮ್ಮ ಕಾರು ಹೂವಿದ್ದ ಹಾಗೆ. ಮೆತ್ತಗಿರೋದು ಒಂದು ಕಾಯಿಲೆ, ಗಟ್ಟಿಯಾಗೋದು ಇನ್ನೊಂದು, ಮುಂದಿನ ಚಕ್ರ ಲಾಕ್ ಆಗೋದು ಮೂರನೆಯದು. ಮೂರಕ್ಕೂ ಒಂದೇ ಔಷಧಿ ಹುಡುಕಬೇಡಿ.

ಮೆತ್ತಗಿರೋದನ್ನೇ ಮೊದಲು ಹಿಡಿಯೋಣ. ಈಗಲೇ ಹೋಗಿ ಮೂರು ಕಡೆ ನೋಡಿ ಬನ್ನಿ. ಒಬ್ಬರಿಂದ ಪೆಡಲ್ ಜೋರಾಗಿ ತುಳಿಸಿ, ನೀವು ಮಾಸ್ಟರ್ ಸಿಲಿಂಡರ್ ಮೇಲೆ ಕಣ್ಣಿಡಿ. ಅದು ಕೂತಿರೋ ತಗಡು ಒಂದೆರಡು ಮಿ.ಮೀ. ಮುಂದಕ್ಕೆ ಉಬ್ಬಿದರೂ ನಿಮ್ಮ ಕಾಲಿನ ಶ್ರಮ ಅಲ್ಲೇ ಸೋರಿಹೋಗುತ್ತಿದೆ ಅಂತ. ಎರಡನೆಯದು, ಹಿಂದಿನ ಕ್ಯಾಲಿಪರ್. ಅದರ ಪ್ಯಾಡ್ ಡಿಸ್ಕ್‌ನಿಂದ ದೂರ ಇದ್ದರೂ ಪೆಡಲ್ ಜಾಸ್ತಿ ಇಳಿಯುತ್ತೆ. ಎಂಎಕ್ಸ್-5ರಲ್ಲಿ ಹ್ಯಾಂಡ್‌ಬ್ರೇಕ್ ಅಡ್ಜಸ್ಟರ್ ಕ್ಯಾಲಿಪರ್ ಒಳಗೇ ಇದೆ. ಹಿಂಬದಿಯ ಬೋಲ್ಟ್ ಬಿಚ್ಚಿದರೆ ಒಳಗೆ 4 ಮಿ.ಮೀ. ಅಲೆನ್ ಕೀ ಕೂರುತ್ತೆ. ಪ್ಯಾಡ್ ಡಿಸ್ಕ್ ಹಿಡಿಯೋವರೆಗೆ ತಿರುಗಿಸಿ, ಮೂರನೇ ಒಂದು ಸುತ್ತು ವಾಪಸ್ ಬಿಡಿ. ಮೂರನೆಯದು, ಮುಂದಿನ ಕ್ಯಾಲಿಪರ್‌ಗಳ ಬ್ಲೀಡ್ ನಿಪ್ಪಲ್ (ಗಾಳಿ ಹೊರಬಿಡೋ ತೂತು) ಮೇಲಿದೆಯಾ, ಕೆಳಗಿದೆಯಾ?

ಪ್ರಶ್ನಿಸಿದವರು: ಅಯ್ಯೋ ಸರ್, ಕೆಳಗಿದೆ! ಎಡಕ್ಕೆ ಬಲದ್ದು, ಬಲಕ್ಕೆ ಎಡದ್ದು ಹಾಕಿಬಿಟ್ಟಿದ್ದೇನೆ. ಎರಡು ಬಾಟಲಿ ಬ್ರೇಕ್ ಆಯಿಲ್ ಸುರಿದು ಏರ್ ತೆಗೆದಿದ್ದೆ.

ಉತ್ತರ: ಹತ್ತು ಬಾಟಲಿ ಸುರಿದರೂ ಬರುತ್ತಿರಲಿಲ್ಲ. ಗಾಳಿ ಮೇಲೆ ಕೂತಿದೆ, ಬಾಗಿಲು ಕೆಳಗಿದೆ. ಮನೇಲಿ ಕಟ್ಟಿದ ಕಾರುಗಳಲ್ಲಿ ನಾನು ಅತಿ ಹೆಚ್ಚು ಕಂಡ ತಪ್ಪು ಇದೇ. ನಾಚಿಕೆಪಡಬೇಡಿ, ನಾನೂ ಒಮ್ಮೆ ಮಾಡಿದ್ದೇನೆ, ಅದೂ ಗಿರಾಕಿ ಎದುರಿಗೇ. ಅದಲುಬದಲು ಮಾಡಿ ಹೊಸ ಆಯಿಲ್ ಹಾಕಿ. ಡಾಟ್ 4 ದರ್ಜೆಯದು ಸಾಕು. ಹೊಸದರ ಕುದಿಬಿಂದು ಕನಿಷ್ಠ 230 ಡಿಗ್ರಿ, ತೇವ ಹೀರಿದ ಮೇಲೆ 155ಕ್ಕೆ ಇಳಿಯಬಹುದು. ಅದಕ್ಕೇ ತೆರೆದಿಟ್ಟ ಹಳೆ ಬಾಟಲಿ ಬೇಡ.

ಈಗ ಕಲ್ಲಿನ ವಿಷಯ. ಕಾಲಿನ ಬಲ 300 ನ್ಯೂಟನ್ ಅಂದುಕೊಳ್ಳಿ. ನಾಲ್ಕರಿಂದ ಗುಣಿಸಿದರೆ 1,200. 22.2 ಬೋರ್‌ನ ವಿಸ್ತೀರ್ಣ 387 ಚ.ಮಿ.ಮೀ., ಹಾಗಾಗಿ ಒತ್ತಡ ಬರೀ 31 ಬಾರ್. ಆ ಬೋರ್ ಇಟ್ಟಿದ್ದೇ ಬೂಸ್ಟರ್ ನಂಬಿಕೊಂಡು. 19 ಮಿ.ಮೀ. ಸಿಲಿಂಡರ್ ಹಾಕಿದರೆ ವಿಸ್ತೀರ್ಣ ಸುಮಾರು 285, ಅದೇ ಕಾಲಿಗೆ 42 ಬಾರ್. ಪೆಡಲ್ ತಿರುಗುಬಿಂದು ಸರಿಸಿ ಅನುಪಾತ 5:1 ಮಾಡಿದರೆ 52ರ ಮೇಲೆ. ಆದರೆ ಪುಕ್ಕಟೆ ಏನೂ ಸಿಗಲ್ಲ: ಬೋರ್ ಇಳಿಸಿದ್ದಕ್ಕೇ ಪೆಡಲ್ ಓಡುವ ದೂರ ಮೂರನೇ ಒಂದು ಪಾಲಿಗಿಂತ ಜಾಸ್ತಿಯಾಗುತ್ತೆ, ಅನುಪಾತ ಏರಿಸಿದರೆ ಇನ್ನಷ್ಟು. ಗಾಳಿ ಇಟ್ಟುಕೊಂಡೇ ಸಣ್ಣ ಸಿಲಿಂಡರ್ ಹಾಕಿದ್ದರೆ ಪೆಡಲ್ ನೆಲ ಮುಟ್ಟುತ್ತಿತ್ತು. ಅದಕ್ಕೇ ಮೊದಲು ಕ್ಯಾಲಿಪರ್ ಕಡೆ ಕಳಿಸಿದ್ದು.

ಪ್ರಶ್ನಿಸಿದವರು: ಸರಿ ಸರ್. ಮುಂದಿನ ಚಕ್ರ ಲಾಕ್ ಆಗೋದು? ಹಿಂದಿನ ಬ್ರೇಕ್‌ಗೆ ಹೋಗೋ ಪ್ರೆಷರ್ ವಾಲ್ವ್ ಕಿತ್ತುಹಾಕಿ ಅಂತ ಎಲ್ಲರೂ ಹೇಳ್ತಾರೆ.

ಉತ್ತರ: ಬ್ರೇಕ್ ಹಾಕಿದಾಗ ಮುಂದಕ್ಕೆ ಸರಿಯುವ ಭಾರ = ತೂಕ × ವೇಗ ಇಳಿಯೋ ದರ (ಜಿ, ಅಂದರೆ ಗುರುತ್ವದ ಲೆಕ್ಕದಲ್ಲಿ) × ಗುರುತ್ವಕೇಂದ್ರದ ಎತ್ತರ ÷ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ). ಎತ್ತರ 0.42 ಮೀ., ವೀಲ್‌ಬೇಸ್ 2.3 ಮೀ. ಅಂತ ಅಂದಾಜು ಹಿಡಿಯೋಣ. 0.9 ಜಿ ಬ್ರೇಕಿಗೆ 105 ಕೆ.ಜಿ. ಸರಿದು ಮುಂದೆ 405, ಹಿಂದೆ 235, ಅಂದರೆ ಮುಂದೆ ಶೇ. 63. ಒದ್ದೆಯಲ್ಲಿ 0.5 ಜಿ ಮಾತ್ರ ಸಿಕ್ಕರೆ ಮುಂದೆ ಶೇ. 56. ಮೂಲ ಕಾರು ಭಾರ, ಎತ್ತರ. ಅದರ ಬ್ರೇಕ್ ಹಂಚಿರೋದು ಮುಂದೆ ಶೇ. 70ರ ಆಸುಪಾಸಿನ ಲೆಕ್ಕಕ್ಕೆ. ನಿಮ್ಮ ಮುಂದಿನ ಚಕ್ರ ಒದ್ದೆಯಲ್ಲಿ ಬೇಗ ಸೋಲೋದು ಇದಕ್ಕೇ.

ಇನ್ನು ವಾಲ್ವ್. ಅದು ಒತ್ತಡ ಒಂದು ಮಟ್ಟ ದಾಟಿದ ಮೇಲಷ್ಟೇ ಹಿಂದಿನದನ್ನು ತಡೆಯುತ್ತೆ. ಒದ್ದೆಯಲ್ಲಿ ನೀವು ಆ ಮಟ್ಟ ಮುಟ್ಟೋದೇ ಕಷ್ಟ, ಹಾಗಾಗಿ ಕಿತ್ತರೂ ಒದ್ದೆಯ ಕಾಟ ಹೋಗಲ್ಲ. ಬದಲಿಗೆ ಹಿಂದೆ ಹಿಡಿತ ಜಾಸ್ತಿ ಇರೋ ಪ್ಯಾಡ್ ಹಾಕಿ ನೋಡಿ, ಮುಂದೆ ಸಾದಾ ರಸ್ತೆ ಪ್ಯಾಡೇ ಇರಲಿ. ರೇಸ್ ಪ್ಯಾಡ್ ಅಂತೂ ಬೇಡ, ಇಷ್ಟು ಹಗುರ ಕಾರಿನಲ್ಲಿ ಅದು ಸರಿಯಾಗಿ ಹಿಡಿಯುವಷ್ಟು ಬಿಸಿಯೇ ಏರಲ್ಲ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ.

ಒಂದು ಮಾತು ಮಾತ್ರ ನೆನಪಿರಲಿ: ಮುಂದಿನದು ಮೊದಲು ಲಾಕ್ ಆದರೆ ಕಾರು ನೆಟ್ಟಗೆ ಜಾರುತ್ತೆ, ಹಿಂದಿನದಾದರೆ ಬುಗುರಿ. ಮನೇಲಿ ಕಟ್ಟಿದ ಕಾರನ್ನು ಬ್ರಿಟನ್ನಿನ ರಸ್ತೆಗಿಳಿಸಲು ಪಾಸಾಗಬೇಕಾದ ಐವಿಎ ಪರೀಕ್ಷೆಯಲ್ಲೂ ಹಿಂದಿನ ಚಕ್ರ ಮೊದಲು ಲಾಕ್ ಆಗೋ ಹಾಗಿಲ್ಲ.

ಇನ್ನೊಬ್ಬರು (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಳಗಾವಿ): ಸರ್, ನಾವು ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟೋ ಸ್ಪರ್ಧೆ) ಕಾರು ಮಾಡ್ತಿದ್ದೇವೆ. ಎರಡು ಮಾಸ್ಟರ್ ಸಿಲಿಂಡರ್, ಎರಡೂ 15.9 ಮಿ.ಮೀ., ನಡುವೆ ಬಯಾಸ್ ಬಾರ್ (ಪೆಡಲ್ ಬಲವನ್ನು ಮುಂದಿನ, ಹಿಂದಿನ ಸಿಲಿಂಡರ್‌ಗೆ ಹಂಚೋ ಅಡ್ಡಸರಳು). ಬಾರ್ ಪೂರ್ತಿ ಒಂದು ಕಡೆ ತಿರುಗಿಸಿದರೂ ಹಿಂದಿನದೇ ಮೊದಲು ಲಾಕ್ ಆಗ್ತಿದೆ.

ಉತ್ತರ: ಬಾರ್ ಇರೋದು ಸಣ್ಣ ತಿದ್ದುಪಡಿಗೆ ತಮ್ಮ, ಲೆಕ್ಕ ತಪ್ಪಿದ್ದನ್ನು ಮುಚ್ಚೋಕಲ್ಲ. ಹಿಂದಕ್ಕೆ 17.8ರ ಸಿಲಿಂಡರ್ ಹಾಕಿ, ಹಿಂದಿನ ಒತ್ತಡ ಐದನೇ ಒಂದು ಭಾಗ ಇಳಿಯುತ್ತೆ. ಆಮೇಲೆ ಬಾರ್ ಮಧ್ಯಕ್ಕೆ ತನ್ನಿ. ಪುಶ್‌ರಾಡ್ (ಸಿಲಿಂಡರನ್ನು ತಳ್ಳೋ ಸರಳು) ಉದ್ದ ಹೊಂದಿಸುವಾಗ ಎಲ್ಲರೂ ಎಡವೋದು ಒಂದೇ ಕಡೆ: ಪೆಡಲ್ ಬಿಟ್ಟಾಗ ಬಾರ್ ನೇರ ಇದೆಯಾ ಅಂತ ನೋಡ್ತಾರೆ. ಜೋರಾಗಿ ತುಳಿದಾಗ ನೇರ ಇರಬೇಕು. ಬಿಟ್ಟಾಗ ಓರೆ ಇದ್ದರೂ ಪರವಾಗಿಲ್ಲ. ಕ್ಲೆವಿಸ್ (ಪುಶ್‌ರಾಡನ್ನು ಬಾರ್‌ಗೆ ಸೇರಿಸೋ ಕೊಂಡಿ) ಪಕ್ಕ ಸ್ವಲ್ಪ ಸಂದು ಬಿಡಿ, ಇಲ್ಲದಿದ್ದರೆ ಬಾರ್ ಓರೆಯಾದಾಗ ಸಿಕ್ಕಿಹಾಕಿಕೊಳ್ಳುತ್ತೆ. ನಿಮ್ಮ ನಿಯಮದಲ್ಲಿ ಪೆಡಲ್ 2,000 ನ್ಯೂಟನ್ ತಡೀಬೇಕು ಅಂತಿದೆಯಲ್ಲ, ತೆಳು ಅಲ್ಯೂಮಿನಿಯಂ ಬ್ರಾಕೆಟ್ ಆಗಿದ್ದರೆ ಅದನ್ನೂ ತುಳಿಸಿ ನೋಡಿ.

ಪ್ರಶ್ನಿಸಿದವರು (ಮೂರು ವಾರದ ನಂತರ): ಸರ್, ಕ್ಯಾಲಿಪರ್ ಸರಿ ಮಾಡಿ, ಸಿಲಿಂಡರ್ ತಗಡಿಗೆ 3 ಮಿ.ಮೀ. ಉಕ್ಕಿನ ಪಟ್ಟಿ ಕೊಟ್ಟು, 19 ಮಿ.ಮೀ. ಸಿಲಿಂಡರ್ ಹಾಕಿದೆ. ಪೆಡಲ್ ಈಗ ಮೇಲೇ ಕಚ್ಚುತ್ತೆ. ಒಣ ನೆಲದಲ್ಲಿ ಲಾಕ್ ಮಾಡಬಲ್ಲೆ, ಮುಂದಿನದೇ ಮೊದಲು. ಹಿಂದಿನ ಪ್ಯಾಡ್ ಇನ್ನೂ ಬದಲಿಸಿಲ್ಲ.

ಉತ್ತರ: ಬದಲಿಸಿದ ದಿನ ಮೊದಲು ಪ್ಯಾಡ್ ಪಳಗಿಸಿ. ಮಧ್ಯಮ ವೇಗದಿಂದ ಹತ್ತು ಹನ್ನೆರಡು ಸಲ ನಿಧಾನಿಸಿ, ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಟ್ಟು. ಆಮೇಲೆ ಒದ್ದೆ ನೆಲದಲ್ಲಿ ನೋಡಿ ಬರೆಯಿರಿ.