‘ಯೆಹೋವನು ನನಗೆ ಕುರುಬನು’: ಈ ಸಾಲನ್ನು ನಮ್ಮ ಭಾಗದಲ್ಲಿ ಹೇಗೆ ಓದಬೇಕು?

ಪ್ರಶ್ನೆ: ಹುಮನಾಬಾದಿನ ಓದುಗ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ನಾನು 11 ವರ್ಷಗಳಿಂದ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ನಮ್ಮಲ್ಲಿ ಮಕ್ಕಳು ಮೊದಲು ಬಾಯಿಪಾಠ ಮಾಡುವುದು ಬೈಬಲಿನ 23ನೆಯ ಕೀರ್ತನೆಯನ್ನು: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಇಷ್ಟು ವರ್ಷ ಈ ಸಾಲಿನಲ್ಲಿ ನನಗೆ ಯಾವ ತೊಡಕೂ ಕಂಡಿರಲಿಲ್ಲ.

ಕಳೆದ ತಿಂಗಳು ಒಂದು ಹಳ್ಳಿಯ ಮನೆಪ್ರಾರ್ಥನೆಯಲ್ಲಿ ಇದೇ ಕೀರ್ತನೆಯನ್ನು ಓದಿ, ಒಳ್ಳೆಯ ಕುರುಬನ ವಿಷಯವಾಗಿ ಮಾತನಾಡಿದೆ. ಬಾಗಿಲ ಬಳಿ ಕಂಬಳಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಒಬ್ಬ ಹಿರಿಯರು ಕುಳಿತಿದ್ದರು. ಪಕ್ಕದ ಹೊಲದಲ್ಲಿ ಅವರ ಹಿಂಡು ಇಳಿದಿತ್ತು. ಮನೆಯವರು ಚಹಾ ಕುಡಿಯಲು ಕರೆದರೆಂದು ಬಂದವರು ಕೊನೆಯವರೆಗೂ ಕುಳಿತು ಕೇಳಿದರು. ಹೊರಡುವಾಗ ಬಹಳ ಮರ್ಯಾದೆಯಿಂದಲೇ ನನ್ನನ್ನು ಕೇಳಿದರು: ‘ಸರ್, ನೀವು ಹೇಳಿದ್ದೆಲ್ಲಾ ಖರೇ ಅದ. ಆದ್ರ ಬಕ್ರೀದ್ ಬಂದಾಗ ನಿಮ್ಮ ದೇವ್ರು ಏನ್ ಮಾಡ್ತಾನ್ರೀ?’

ಕುಳಿತವರೆಲ್ಲ ನಕ್ಕರು, ನಾನೂ ನಕ್ಕೆ. ಬೈಕಿನಲ್ಲಿ ಮನೆಗೆ ಬರುವಷ್ಟರಲ್ಲಿ ಆ ನಗು ಹೋಗಿತ್ತು. ಕುರಿಯನ್ನು ಸಾಕುವುದು ಮಾರುವುದಕ್ಕಾಗಿ ಎಂಬ ಮಾತನ್ನು ನಾನು 11 ವರ್ಷಗಳಲ್ಲಿ ಒಮ್ಮೆಯೂ ಮಕ್ಕಳ ಮುಂದೆ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೇ ಅದನ್ನು ಯೋಚಿಸಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಕ್ಯಾಲೆಂಡರಿನ ಚಿತ್ರ: ಬಿಳಿ ಅಂಗಿ ತೊಟ್ಟ ಯೇಸು, ಎದೆಗೆ ಒತ್ತಿಕೊಂಡ ಬಿಳಿ ಮರಿ, ಹಿಂದೆ ನಮ್ಮ ಕಡೆ ಎಲ್ಲಿಯೂ ಕಾಣದ ಹಸಿರು ಗುಡ್ಡ.

ಭಾಷೆಯ ತೊಡಕೂ ಒಂದಿದೆ. ಹಳೆಯ ಕನ್ನಡ ಬೈಬಲಿನಲ್ಲಿ ‘ಕುರುಬ’ ಎಂದಿದೆ. ಕ್ಯಾಥೋಲಿಕರು ಬಳಸುವ ಅನುವಾದದಲ್ಲಿ ‘ಕುರಿಗಾಹಿ’ ಎಂದಿದೆ. ಬೇರೆ ಕಡೆ ಓದುವವರಿಗೆ ಎರಡೂ ಒಂದೇ ಅನ್ನಿಸಬಹುದು. ಆದರೆ ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ‘ಗೊಂಡ’ ಎಂಬ ಬುಡಕಟ್ಟಿನ ಪರ್ಯಾಯ ಹೆಸರೆಂದು ಕುರುಬರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆ ಎಷ್ಟೋ ವರ್ಷಗಳಿಂದ ನಡೆದಿರುವುದರಿಂದ, ಆ ಮಾತು ಇಲ್ಲಿಯವರ ಕಿವಿಗೆ ಮೊದಲು ಜಾತಿಯ ಹೆಸರಾಗಿಯೇ ಬೀಳುತ್ತದೆ, ಕಸುಬು ಆಮೇಲೆ ನೆನಪಾಗುತ್ತದೆ. ಈ ಚಿತ್ರವನ್ನು ಮಕ್ಕಳಿಗೆ ಕಲಿಸುವುದನ್ನು ಬಿಡಬೇಕೆ, ಅಥವಾ ಇದನ್ನು ಓದುವ ಬೇರೆ ದಾರಿ ಇದೆಯೆ? ತಿಳಿದವರು ದಯವಿಟ್ಟು ಬರೆಯಬೇಕು.

ಉತ್ತರ 1: ಯಾದಗಿರಿಯಿಂದ, ನಿವೃತ್ತ ಪಶುವೈದ್ಯಕೀಯ ಪರೀಕ್ಷಕ

ನಾನು ಕ್ರೈಸ್ತನಲ್ಲ. ಹಾಲುಮತದವನು, ಅಂದರೆ ನಿಮ್ಮ ಸಾಲಿನಲ್ಲಿ ಬರುವ ಕುರುಬನೇ. ಜಾತಿಯ ಮಾತಿಗೆ ನಿಮಗೆ ಸಂಕೋಚ ಬೇಡ. ದೇವರನ್ನು ಕುರುಬ ಎಂದರೆ ನಮ್ಮವರು ಬೇಸರಪಡುವುದಿಲ್ಲ, ಒಳಗೊಳಗೇ ಖುಷಿಪಡುತ್ತಾರೆ. ಸಂಕೋಚವಿದ್ದರೆ ಅದು ನಿಮ್ಮ ಸಭೆಯಲ್ಲಿ ಕುಳಿತಿರುವ ಬೇರೆಯವರಿಗೆ ಇರಬಹುದು.

ಆ ಹಿರಿಯರ ಪ್ರಶ್ನೆಯನ್ನು ಕುಹಕವೆಂದು ತಿಳಿಯಬೇಡಿ. ಹೆಣ್ಣುಮರಿಗಳನ್ನು ಉಳಿಸಿಕೊಂಡು ಗಂಡುಮರಿಗಳನ್ನು ಮಾರುವುದು ಈ ಕಸುಬಿನ ಲೆಕ್ಕ. ಹಿಂಡಿಗೆ ಬೀಜದ ಟಗರು ಒಂದೆರಡಿದ್ದರೆ ಸಾಕು. ಬಕ್ರೀದಿಗೆ ಮುಂಚಿನ ಸಂತೆಗಳಲ್ಲಿ ಟಗರಿಗೆ ಸಿಗುವ ಬೆಲೆಯಿಂದಲೇ ಎಷ್ಟೋ ಮನೆಗಳ ಸಾಲ ತೀರುತ್ತದೆ. ಆದರೆ ಹಾಗೆ ಮಾರುವ ಅದೇ ಮನುಷ್ಯ, ತಾಯಿ ಸತ್ತ ಮರಿಗೆ ಬೇರೊಂದು ಕುರಿಯ ಹಾಲು ಕುಡಿಸಲು ಆ ಕುರಿಯ ಹಿಂಗಾಲನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಅದು ಒದೆಯುವುದನ್ನು ಬಿಡುವವರೆಗೆ ದಿನವೂ ಎರಡು ಹೊತ್ತು ಕುಕ್ಕರಗಾಲಿನಲ್ಲಿ ಕೂರುತ್ತಾನೆ. ಕುರಿಗಳಿಗೆ ಬರುವ ಪಿಪಿಆರ್ ಎಂಬ ಅಂಟುರೋಗದ ಲಸಿಕೆ ಹಾಕಲು ನಾನು ಹೋಗುತ್ತಿದ್ದಾಗ, ಹಾಕಿದ್ದು ಹಾಕದ್ದು ಗುರುತು ಸಿಗಲೆಂದು ಬೆನ್ನಿಗೆ ಬಣ್ಣ ಹಚ್ಚುತ್ತಿದ್ದೆವು. ಅವರಿಗೆ ಆ ಬಣ್ಣ ಬೇಕಿರಲಿಲ್ಲ. 200 ಕುರಿಗಳ ಧೂಳಿನ ನಡುವೆ ನಿಂತು, ‘ಸಾಹೇಬ್ರ, ಆ ಮೋಟಗಿವಿದು ಉಳೀತು ನೋಡ್ರಿ’ ಎನ್ನುತ್ತಿದ್ದರು. ಮಾರುವ ಕೈ ಮತ್ತು ಕಾಯುವ ಕೈ ಎರಡೂ ಒಂದೇ ಆಗಿರುವುದು ಈ ಕಸುಬಿನ ಸಂಕಟ, ಆ ಹಿರಿಯರು ಕೇಳಿದ್ದೂ ಅದನ್ನೇ ಎಂದು ನನ್ನ ಊಹೆ.

ಕುರಿಯನ್ನು ದಡ್ಡ ಪ್ರಾಣಿ ಎನ್ನುವುದೂ ತಪ್ಪು. ಕುರಿಗಳು 50 ಬೇರೆ ಕುರಿಗಳ ಮುಖವನ್ನು 2 ವರ್ಷಗಳವರೆಗೆ ನೆನಪಿಡಬಲ್ಲವು ಎಂದು 2001ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದ್ದಾರೆ. ಬಾವಿಯ ಹತ್ತಿರ ಎರಡು ಹಿಂಡುಗಳು ಬೆರೆತುಹೋದಾಗ ಇಬ್ಬರೂ ಎರಡು ದಿಕ್ಕಿಗೆ ನಿಂತು ಕೂಗು ಹಾಕಿದರೆ ಅವು ತಾವಾಗಿಯೇ ಬೇರ್ಪಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೆ ನನ್ನದೊಂದು ಪ್ರಶ್ನೆ ಇದೆ. ನಮ್ಮ ಯಾದಗಿರಿ ತಾಲ್ಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಮಲ್ಲಯ್ಯನ ಪಲ್ಲಕ್ಕಿಯ ಮೇಲೆ ಕುರಿಮರಿಗಳನ್ನು ಎಸೆಯುವ ಹರಕೆ ಇತ್ತು. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ವಶಕ್ಕೆ ತೆಗೆದುಕೊಳ್ಳುತ್ತದೆ. ಸರಿ ತಪ್ಪು ಹಾಗಿರಲಿ, ಅಲ್ಲಿ ಕುರುಬನು ದೇವರಿಗೆ ಮರಿಯನ್ನು ಕೊಡುತ್ತಾನೆ. ನಿಮ್ಮಲ್ಲಿ ದೇವರೇ ಕುರುಬನಾದರೆ ಅವನು ಮರಿಯನ್ನು ಯಾರಿಗೆ ಕೊಡುತ್ತಾನೆ? ‘ಹಬ್ಬಕ್ಕೆ ತಂದ ಹರಕೆಯ ಕುರಿ ತೋರಣಕ್ಕೆ ತಂದ ತಳಿರ ಮೇಯಿತ್ತು’ ಎಂದು ನಿಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಬಾಳಿದ ಬಸವಣ್ಣನವರು ಹೇಳಿದ್ದಾರೆ. ನಿಮ್ಮ ಕೀರ್ತನೆಯಲ್ಲಿ ‘ಹಸುರುಗಾವಲು’ ಎಂಬ ಪದ ಓದಿದಾಗ ನನಗೆ ಆ ತಳಿರೇ ನೆನಪಾಗುತ್ತದೆ.

ಉತ್ತರ 2: ಕಲಬುರಗಿಯ ಸಹೋದರಿ

ಅಣ್ಣಾ, ಮಕ್ಕಳಿಗೆ ಈ ಚಿತ್ರವನ್ನು ಕಲಿಸುವುದನ್ನು ಬಿಡುವುದೇ ಒಳ್ಳೆಯದು ಎಂದು ನನಗೆ ಅನ್ನಿಸುತ್ತದೆ. ಕಾರಣ ಹೇಳುತ್ತೇನೆ.

ನಾನು ಮೊದಲು ಹೋಗುತ್ತಿದ್ದ ಒಂದು ಸಭೆಯಲ್ಲಿ ಕಟ್ಟಡದ ಕಾಣಿಕೆಯ ಲೆಕ್ಕವನ್ನು ಮಹಿಳಾ ಸಂಘದ ನಾವು ಮೂವರು ಕೇಳಿದೆವು. ಮುಂದಿನ ಭಾನುವಾರದ ಪ್ರಸಂಗವೇ ನಮಗೆ ಉತ್ತರವಾಯಿತು. ‘ಕುರಿ ಎಲ್ಲಾದರೂ ಕುರುಬನ ಲೆಕ್ಕ ಕೇಳುತ್ತದೆಯೆ?’ ಎಂದು ಪಾಸ್ಟರು ಪೀಠದ ಮೇಲಿನಿಂದ ಕೇಳಿದರು, ಸಭೆ ‘ಆಮೆನ್’ ಎಂದಿತು. ನಾನು ಕುಳಿತಿದ್ದ ಚಾಪೆಯ ಅಂಚನ್ನು ಕೀಳುತ್ತಾ ತಲೆ ತಗ್ಗಿಸಿದ್ದೆ. ಆ ದಿನದಿಂದ ಈ ಕೀರ್ತನೆಯನ್ನು ಹಾಡುವಾಗ ನನಗೆ ಗಂಟಲು ಕಟ್ಟುತ್ತದೆ.

ನಮ್ಮ ಸಭೆಗಳಲ್ಲಿ ಹೆಚ್ಚಿನವರು ದಲಿತ ಮನೆತನದವರು. ನನ್ನ ಮುತ್ತಜ್ಜ ಹಲಗೆ ಬಾರಿಸುತ್ತಿದ್ದವರು. ಊರಿನವರ ಹಿಂಡಿನಲ್ಲಿ ಸತ್ತದ್ದರ ಚರ್ಮ ನಮ್ಮ ಮನೆಗೆ ಬರುತ್ತಿತ್ತು, ಬದುಕಿದ್ದ ಕುರಿಯೊಂದಿಗೆ ನಮಗೆ ಅಂಥ ನಂಟೇನೂ ಇರಲಿಲ್ಲ. ಬಾಯಿಲ್ಲದವರೆಂದು ಊರು ನಮ್ಮನ್ನು ಎಷ್ಟೋ ತಲೆಮಾರು ನಡೆಸಿಕೊಂಡಿದೆ. ಮಾತನಾಡಲು ಕಲಿಸಿದ್ದು ಸುವಾರ್ತೆ ಎಂದು ನಂಬಿ ಬಂದವರನ್ನು ಮತ್ತೆ ‘ಕುರಿಗಳೇ’ ಎಂದು ಕರೆಯುವುದು ನ್ಯಾಯವೆ? ಕನ್ನಡದಲ್ಲಿ ‘ಕುರಿ ಮಾಡಿದರು’ ಎಂದರೆ ಏನರ್ಥ ಎಂಬುದು ಪ್ರಸಂಗ ಮಾಡುವವರಿಗೂ ಗೊತ್ತು.

ಉತ್ತರ 3: ಬೀದರಿನಿಂದ, ನಿವೃತ್ತ ಸಭಾಪಾಲಕ

ಮೊದಲು ಸಹೋದರಿಗೆ: ಅಮ್ಮಾ, ಆ ಪ್ರಸಂಗ ವೇದವಚನಕ್ಕೆ ನೇರವಾಗಿ ವಿರುದ್ಧವಾದದ್ದು. ಬೈಬಲಿನಲ್ಲಿ ಯೆಹೆಜ್ಕೇಲ ಪ್ರವಾದಿಯ 34ನೆಯ ಅಧ್ಯಾಯವನ್ನು ತೆರೆದು ನೋಡಿ. ಕೊಬ್ಬನ್ನು ತಿಂದು, ಉಣ್ಣೆಯನ್ನು ಹೊದ್ದು, ಕುರಿಗಳನ್ನು ಮಾತ್ರ ಮೇಯಿಸದ ಕುರುಬರನ್ನು ದೇವರು ಅಲ್ಲಿ ಧಿಕ್ಕರಿಸುತ್ತಾನೆ. ನನ್ನ ಕುರಿಗಳ ಲೆಕ್ಕವನ್ನು ಅವರ ಕೈಯಿಂದಲೇ ಕೇಳುತ್ತೇನೆ ಎನ್ನುತ್ತಾನೆ. ಆ ಕಾಲದಲ್ಲಿ ‘ಕುರುಬ’ ಎನ್ನುವುದು ಅರಸರ ಬಿರುದಾಗಿತ್ತು. ಬಾಬಿಲೋನಿನ ಹಮ್ಮುರಾಬಿ ತನ್ನ ಶಾಸನದ ಪೀಠಿಕೆಯಲ್ಲಿ ತನ್ನನ್ನು ಕುರುಬನೆಂದು ಕರೆದುಕೊಂಡಿದ್ದಾನೆ. ಯೆಶಾಯನ 44ನೆಯ ಅಧ್ಯಾಯದಲ್ಲಿ ಪರ್ಷಿಯದ ಕೋರೆಷನನ್ನು ದೇವರೇ ‘ನನ್ನ ಕುರುಬ’ ಎನ್ನುತ್ತಾನೆ. ಆದ್ದರಿಂದ ‘ಯೆಹೋವನು ನನಗೆ ಕುರುಬನು’ ಎಂದವನು ಬೇರೆ ಯಾವ ಅರಸನಿಗೂ ಆ ಬಿರುದನ್ನು ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ನಾವು ಪಾಸ್ಟರುಗಳು ಅದನ್ನು ಮತ್ತೆ ಎತ್ತಿಕೊಂಡು ನಮ್ಮ ಹೆಗಲಿಗೆ ಹಾಕಿಕೊಂಡೆವು. ‘ಪಾಸ್ಟರ್’ ಎಂಬ ಲ್ಯಾಟಿನ್ ಮಾತಿಗೂ ಕುರುಬ ಎಂದೇ ಅರ್ಥ. 38 ವರ್ಷ ಆ ಹೆಸರಿನಲ್ಲಿ ಸಂಬಳ ತೆಗೆದುಕೊಂಡವನಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಕಸುಬಿನಲ್ಲಿ ಲೆಕ್ಕ ಕೊಡಬೇಕಾದವನು ಕಾಯುವವನೇ. ಕಾಡುಮೃಗ ಕೊಂದ ಪಶುವಿಗೆ ಸಾಕ್ಷಿಯಾಗಿ ಅದರ ಉಳಿಕೆಯನ್ನು ತಂದು ತೋರಿಸಬೇಕೆಂದು ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲಿದೆ. ತೆಕೋವ ಎಂಬ ಊರಿನ ಕುರುಬರಲ್ಲಿ ಒಬ್ಬನಾಗಿದ್ದ ಪ್ರವಾದಿ ಆಮೋಸನು ಸಿಂಹದ ಬಾಯಿಂದ ಎರಡು ಕಾಲನ್ನೋ ಕಿವಿಯ ತುಂಡನ್ನೋ ಕಿತ್ತು ತರುವ ಕುರುಬನ ಮಾತು ಹೇಳುವುದು ಇದರಿಂದಲೇ. ಸತ್ತ ಕುರಿಗೆ ಸರ್ಕಾರದ ಪರಿಹಾರ ಬೇಕಾದರೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ಕಾಗದ ಹಿಡಿದು ಓಡಾಡುವವರನ್ನು ಯಾದಗಿರಿಯ ಹಿರಿಯರು ಎಷ್ಟೋ ನೋಡಿರಬೇಕು.

‘ಕುರುಬ’, ‘ಕುರಿಗಾಹಿ’ ಎಂಬ ಪದಗಳ ವಿಷಯಕ್ಕೆ ಬಂದರೆ, ಮೂಲ ಹೀಬ್ರೂವಿನಲ್ಲಿ ಇರುವುದು ‘ಮೇಯಿಸು’ ಎಂಬ ಕ್ರಿಯಾಪದದಿಂದ ಬಂದ ‘ರೋಈ’, ಅಂದರೆ ನನ್ನನ್ನು ಮೇಯಿಸುವವನು. ಕನ್ನಡದಲ್ಲಿ ನಮಗೆ ಇದಕ್ಕಿಂತ ಒಳ್ಳೆಯ ಕ್ರಿಯಾಪದವಿದೆ. ನಾವು ‘ಕುರಿ ಕಾಯ್ತಾನೆ’ ಎನ್ನುತ್ತೇವೆ, ‘ದೇವ್ರೇ ಕಾಯಬೇಕು’ ಎಂದೂ ಅದೇ ಬಾಯಲ್ಲಿ ಹೇಳುತ್ತೇವೆ. ಊರಿಗೆ ಹೋದ ಮಗನ ಹಾದಿಯನ್ನೂ ಕಾಯುತ್ತೇವೆ. ದೇವರನ್ನು ಜಾತಿಯೆಂದಾಗಲಿ ಪದವಿಯೆಂದಾಗಲಿ ಕೇಳದೆ, ರಾತ್ರಿಯಿಡೀ ಎಚ್ಚರವಿದ್ದು ಮಾಡುವ ಕೆಲಸವೆಂದು ಕೇಳಲು ಈ ಒಂದು ಮಾತು ಸಾಕು. 121ನೆಯ ಕೀರ್ತನೆಯಲ್ಲಿ ತೂಕಡಿಸದೆ ನಿದ್ರಿಸದೆ ಇರುವವನೂ ‘ಕಾಯುವಾತನೇ’.

ಇನ್ನು ಬಕ್ರೀದಿನ ಪ್ರಶ್ನೆ. ಇದನ್ನು ಓದಿದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ, ಏಕೆಂದರೆ ಇದೇ ಪ್ರಶ್ನೆ ಕೀರ್ತನೆಗಳಲ್ಲೇ ಇದೆ, ನಾವು ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದಿಲ್ಲ. 44ನೆಯ ಕೀರ್ತನೆಯಲ್ಲಿ ಸೋತ ಜನರು ದೇವರಿಗೆ ಮುಖಾಮುಖಿ ಹೇಳುತ್ತಾರೆ: ನಮ್ಮನ್ನು ತಿನ್ನುವುದಕ್ಕೆ ಕೊಟ್ಟ ಕುರಿಗಳಂತೆ ಮಾಡಿದ್ದೀ, ನಿನ್ನ ಜನರನ್ನು ಕವಡೆ ಕಾಸಿಗೆ ಮಾರಿದ್ದೀ, ಅದರಿಂದ ನಿನಗೆ ಲಾಭವೂ ಆಗಲಿಲ್ಲ, ಎಚ್ಚರಗೊಳ್ಳು, ಏಕೆ ನಿದ್ರಿಸುತ್ತೀ? ಸಹೋದರಿಯ ಸಭೆಯಲ್ಲಿ ಕುರಿ ಲೆಕ್ಕ ಕೇಳಬಾರದು ಎಂದರಲ್ಲ, ಇಲ್ಲಿ ಕುರಿಗಳು ದೇವರನ್ನೇ ಲೆಕ್ಕ ಕೇಳುತ್ತಿವೆ, ಬೆಲೆಯ ಸಮೇತ. ಅದನ್ನು ಯಾರೂ ಗ್ರಂಥದಿಂದ ತೆಗೆದುಹಾಕಲಿಲ್ಲ.

ಮರಿಯನ್ನು ಯಾರಿಗೆ ಕೊಡುತ್ತಾನೆ ಎಂಬ ಯಾದಗಿರಿಯವರ ಪ್ರಶ್ನೆಗೆ ಕ್ರೈಸ್ತರು ಹೇಳಬಹುದಾದದ್ದು ಒಂದೇ. ಯೋಹಾನನ 10ನೆಯ ಅಧ್ಯಾಯದಲ್ಲಿ ಕುರುಬನು ಕುರಿಗಳಿಗಾಗಿ ತನ್ನ ಪ್ರಾಣವನ್ನು ಕೊಡುತ್ತಾನೆ. ಪ್ರಕಟನೆಯ 7ನೆಯ ಅಧ್ಯಾಯದಲ್ಲಿ ಸಿಂಹಾಸನದ ಮಧ್ಯದಲ್ಲಿರುವ ಕುರಿಮರಿಯೇ ಜನರನ್ನು ಮೇಯಿಸುತ್ತದೆ. ಕಸುಬು ಬಲ್ಲವರಿಗೆ ಇದು ಹುಚ್ಚುಮಾತು. ಯಾವ ಕುರುಬನೂ ಹಾಗೆ ಮಾಡುವುದಿಲ್ಲ, ಮಾಡಿದರೆ ಹಿಂಡು ಅನಾಥವಾಗುತ್ತದೆ. ಅದು ಹುಚ್ಚುಮಾತೆಂದು ಕೇಳುವವರಿಗೆ ಅನ್ನಿಸದಿದ್ದರೆ ನಾವು ಕಲಿಸುತ್ತಿರುವುದು ಕ್ಯಾಲೆಂಡರಿನ ಚಿತ್ರವನ್ನೇ ಎಂದು ತಿಳಿಯಬೇಕು. ಹಾಗೆಂದು ಇದೊಂದೇ ಚಿತ್ರವನ್ನು ಹಿಡಿದು ಕೂರಬೇಕೆಂದೂ ಇಲ್ಲ. ಮರಿಗಳನ್ನು ರೆಕ್ಕೆಯಡಿ ಕೂಡಿಸುವ ಕೋಳಿ, ಮಗನನ್ನು ಸಂತೈಸುವ ತಾಯಿ, ಹೋಶೇಯನಲ್ಲಿ ಮರಿ ಕಳೆದುಕೊಂಡ ಕರಡಿ, ಎಲ್ಲವೂ ಬೈಬಲಿನಲ್ಲಿವೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ವಂದನೆಗಳು. ಸಹೋದರಿಯ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಸಣ್ಣ ಮಕ್ಕಳ ತರಗತಿಯಲ್ಲಿ ‘ನೀವೆಲ್ಲ ಕುರಿಗಳು’ ಎಂದು ಹೇಳುವುದನ್ನು ನಿಲ್ಲಿಸುತ್ತೇನೆ. ‘ಕಾಯುವವನು’ ಎಂದು ಹೇಳಿ ನೋಡುತ್ತೇನೆ. ದೊಡ್ಡ ಮಕ್ಕಳಿಗೆ ಮುಂದಿನ ಭಾನುವಾರ 23 ಮತ್ತು 44 ಎರಡನ್ನೂ ಒಂದೇ ಬೈಠಕ್ಕಿನಲ್ಲಿ ಓದಿಸಲಿದ್ದೇನೆ.

ನಿನ್ನೆ ಆ ಹಳ್ಳಿಗೆ ಹೋಗಿದ್ದೆ. ಹಿಂಡು ಇರಲಿಲ್ಲ, ಚಿಂಚೋಳಿಯ ಕಡೆ ಹೋಗಿದೆಯಂತೆ. ಹೊಲದಲ್ಲಿ ಹಿಕ್ಕೆ ಒಣಗಿ ಹರಡಿಕೊಂಡಿತ್ತು, ಅಂಚಿನಲ್ಲಿ ಮೂರು ಕಲ್ಲಿನ ಒಲೆ ಹಾಗೆಯೇ ಇತ್ತು. ತೊಗರಿ ರಾಶಿಯಾದ ಮೇಲೆ, ಉದುರಿದ ಎಲೆ ಮೇಯಿಸಲು ಅವರು ಮತ್ತೆ ಇದೇ ಹೊಲಕ್ಕೆ ಬರುತ್ತಾರೆ ಎಂದು ಹೊಲದ ಯಜಮಾನರು ಹೇಳಿದರು. ಆಗ ಒಂದು ರಾತ್ರಿ ಅವರ ಜೊತೆ ಕಾಯಲು ಕೂರಬಹುದೆ ಎಂದು ಕೇಳಿ ಇಡಲು ಹೇಳಿ ಬಂದಿದ್ದೇನೆ.