ಕಪ್ಪು ಕಾರು, ಪೇಂಟ್ ಮೇಲೆ ಗೆರೆ ಬೀಳದ ಹಾಗೆ ಮನೇಲೇ ತೊಳೆಯೋದು ಹೇಗೆ?

ಆರ್‌ಆರ್‌ನಗರ_ಕಪ್ಪುಕಾರು

ಎಲ್ಲರಿಗೂ ನಮಸ್ಕಾರ. ಯುಗಾದಿ ಟೈಮಲ್ಲಿ ಹೊಸ ಕಾರ್ ತಗೊಂಡ್ವಿ, ಮನೇಲೆಲ್ಲ ಬಿಳಿ ತಗೋ ಅಂದ್ರೂ ನಂಗೆ ಕಪ್ಪೇ ಇಷ್ಟ ಅಂತ ಕಪ್ಪೇ ತಗೊಂಡಿದ್ದು. ಅಪಾರ್ಟ್‌ಮೆಂಟಲ್ಲಿ ದಿನಾ ಬೆಳಗ್ಗೆ ಒಬ್ರು ಬಂದು ಎಲ್ಲರ ಕಾರೂ ಒರೆಸಿ ಹೋಗ್ತಾರೆ, ನಮ್ದೂ ಅವರಿಗೇ ಹೇಳಿದ್ವಿ. ಮೊನ್ನೆ ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದಾಗ ಬಾನೆಟ್ ನೋಡ್ತೀನಿ, ಜೇಡರ ಬಲೆ ತರ ರೌಂಡ್ ರೌಂಡಾಗಿ ಸಣ್ಣ ಸಣ್ಣ ಗೆರೆ ತುಂಬ್ಕೊಂಡಿದೆ, ಉಗುರಾಡಿಸಿದ್ರೆ ಕೈಗೆ ಸಿಗಲ್ಲ, ಬೇಸ್‌ಮೆಂಟಿನ ಟ್ಯೂಬ್‌ಲೈಟಲ್ಲಿ ಕಾಣ್ಸೋದೂ ಇಲ್ಲ, ಬಿಸಿಲಿಗೆ ಬಂದ್ರೆ ಮಾತ್ರ ಹೊಟ್ಟೆ ಉರಿಯುತ್ತೆ. ಒರೆಸೋ ಅಣ್ಣನ ಮೇಲೆ ಸಿಟ್ಟಿಲ್ಲ, ಪಾಪ ಒಂದು ಬಕೆಟ್ ನೀರು ಒಂದು ಬಟ್ಟೆ ಇಟ್ಕೊಂಡು ಇಡೀ ಬೇಸ್‌ಮೆಂಟ್ ಮುಗಿಸಿ ಇನ್ನೊಂದು ಕಡೆ ಓಡ್ಬೇಕು ಅವರು.

ಇನ್ಮೇಲೆ ಭಾನುವಾರ ನಾನೇ ತೊಳೆಯೋಣ ಅಂತ. ಪಾತ್ರೆ ತೊಳೆಯೋ ಲಿಕ್ವಿಡ್ ಹಾಕ್ಬಹುದಾ ಇಲ್ಲ ಕಾರ್ ಶಾಂಪೂನೇ ಬೇಕಾ? ಪೈಪ್ ಹಾಕೋಕೆ ಅಸೋಸಿಯೇಷನ್‌ನವರು ಬಿಡಲ್ಲ, ಬಕೆಟಲ್ಲೇ ಆಗ್ಬೇಕು. ನೀರು ಬೋರ್‌ವೆಲ್‌ದು, ಒಣಗಿದ್ರೆ ಬಿಳಿ ಬಿಳಿ ಚುಕ್ಕೆ ಉಳಿಯುತ್ತೆ. ಆಮೇಲೆ ಈಗ ಬಿದ್ದಿರೋ ಗೆರೆ ಹೋಗುತ್ತಾ? ಗೊತ್ತಿರೋರು ಹೇಳಿ ಪ್ಲೀಸ್.

ಪೇಂಟ್‌ಬೂತ್_ಶಿವಮೊಗ್ಗ

ಸರ್, ಡೆಂಟಿಂಗ್ ಪೇಂಟಿಂಗ್ ನನ್ನ ಕೆಲಸ, ಸ್ವಲ್ಪ ಉದ್ದ ಆಗುತ್ತೆ ಓದಿ.

ಯಾವ ಶಾಂಪೂ ಅನ್ನೋದು ಆಮೇಲಿನ ಮಾತು. ಗೆರೆ ಬೀಳೋದು ಧೂಳು ಕೂತಿರೋವಾಗ್ಲೇ ಬಟ್ಟೆ ಇಟ್ಟು ಉಜ್ಜೋದ್ರಿಂದ. ನಿಮ್ಮ ಕಪ್ಪು ಬಣ್ಣದ ಮೇಲೆ ಬಣ್ಣ ಇಲ್ಲದ ಒಂದು ಪದರ ಇರುತ್ತೆ, ಕ್ಲಿಯರ್ ಕೋಟ್, ಹೊಳಪೆಲ್ಲ ಅದರದ್ದೇ. ಕಂಪನಿ ಪೇಂಟಲ್ಲಿ ಅದು ಸುಮಾರು 40ರಿಂದ 50 ಮೈಕ್ರಾನ್ ಇರುತ್ತೆ, ಅಂದ್ರೆ ಒಂದು ಮಿಲಿಮೀಟರನ್ನ 20 ಭಾಗ ಮಾಡಿದ್ರೆ ಅದ್ರಲ್ಲಿ ಒಂದು ಭಾಗ, ಅಷ್ಟೆ. ರಸ್ತೆ ಧೂಳಲ್ಲಿ ಮರಳಿನ ಕಣ ಇರುತ್ತೆ, ಅದು ಗಾಜನ್ನೇ ಗೀಚುತ್ತೆ, ಇನ್ನು ಕ್ಲಿಯರ್ ಕೋಟ್ ಯಾವ ಲೆಕ್ಕ. ಒರೆಸೋರು ಕೈ ರೌಂಡಾಗಿ ಆಡಿಸ್ತಾರೆ, ಆ ಬಟ್ಟೇಲಿ ಹಿಂದಿನ ಹತ್ತು ಕಾರಿನ ಮಣ್ಣೂ ಇರುತ್ತೆ. ಬಿಳಿ ಕಾರಲ್ಲೂ ಇಷ್ಟೇ ಗೆರೆ ಬೀಳುತ್ತೆ ಸರ್, ಅದ್ರಲ್ಲಿ ಕಾಣಲ್ಲ ಅಷ್ಟೆ.

ಆದ್ದರಿಂದ ಕೈ ಇಡೋದಕ್ಕೆ ಮುಂಚೆ ಎಷ್ಟು ಧೂಳು ಇಳಿಸ್ತೀರೋ ಅಷ್ಟು ಪೇಂಟ್ ಉಳಿಯುತ್ತೆ. ಪೈಪ್ ಇಲ್ಲ ಅಂದ್ರೆ ಗಿಡಕ್ಕೆ ಔಷಧಿ ಹೊಡೆಯೋ ಪಂಪ್ ಸ್ಪ್ರೇ ಇರುತ್ತಲ್ಲ, ಐದು ಲೀಟರಿಂದು, ಹೊಸದು ತಗೊಳ್ಳಿ (ಔಷಧಿ ಹೊಡೆದಿದ್ದು ಬೇಡ). ಅದ್ರಲ್ಲಿ ಶಾಂಪೂ ನೀರು ಹಾಕಿ ಮೇಲಿಂದ ಕೆಳಗೆ ಪೂರ್ತಿ ನೆನೆಸಿ ನಾಲ್ಕೈದು ನಿಮಿಷ ಬಿಡಿ, ಒಣಗೋಕೆ ಮಾತ್ರ ಬಿಡ್ಬೇಡಿ. ಆಮೇಲೆ ಮಗ್‌ನಲ್ಲಿ ಮೆಲ್ಲಗೆ ನೀರು ಸುರೀರಿ, ಬಾಗಿಲ ಮೇಲೆ ಕಂದು ನೀರು ಇಳಿಯೋದು ಕಣ್ಣಿಗೇ ಕಾಣುತ್ತೆ, ಬಟ್ಟೆ ಇಟ್ಟಿದ್ರೆ ಅಷ್ಟನ್ನೂ ಉಜ್ತಾ ಇದ್ವಿ ನಾವು.

ಅದಾದ್ಮೇಲೆ ಎರಡು ಬಕೆಟ್. ಒಂದ್ರಲ್ಲಿ ಶಾಂಪೂ ನೀರು, ಇನ್ನೊಂದ್ರಲ್ಲಿ ಬರೀ ನೀರು. ಕೈಗೆ ಮೈಕ್ರೋಫೈಬರ್ ಗ್ಲೌಸ್, ಉದ್ದುದ್ದ ನೂಲಿಂದು. ಸ್ಪಾಂಜ್ ಬೇಡ, ಅದ್ರ ಮುಖ ಚಪ್ಪಟೆ, ಮಣ್ಣಿನ ಕಣ ಒಳಗೆ ಹೋಗದೆ ಪೇಂಟಿಗೇ ಅಂಟ್ಕೊಂಡು ಓಡಾಡುತ್ತೆ. ಮೊದ್ಲು ರೂಫು, ಆಮೇಲೆ ಗ್ಲಾಸು, ಬಾನೆಟ್, ಡಿಕ್ಕಿ, ಬಾಗಿಲಿನ ಮೇಲಿನ ಅರ್ಧ, ಕೊನೇಲಿ ಕೆಳಗಿನ ಅರ್ಧ ಮತ್ತೆ ಬಂಪರ್. ಕೆಳಗಡೆ ಟೈರ್ ಎರಚಿದ ಮರಳು ಜಾಸ್ತಿ, ಅದಕ್ಕೆ ಆ ಜಾಗ ಕೊನೇಗೆ. ಕೈ ಉದ್ದಕ್ಕೆ ಆಡ್ಸಿ, ಒತ್ತಬೇಡಿ. ಒಂದೊಂದು ಪ್ಯಾನೆಲ್ ಮುಗಿದ ತಕ್ಷಣ ಗ್ಲೌಸನ್ನ ಬರೀ ನೀರಿನ ಬಕೆಟಲ್ಲಿ ಚೆನ್ನಾಗಿ ಅದ್ದಿ ಹಿಂಡಿ, ಆಮೇಲೇ ಶಾಂಪೂ ಬಕೆಟಿಗೆ. ಕೆಲಸ ಎಲ್ಲ ಆದ್ಮೇಲೆ ಆ ಬರೀ ನೀರಿನ ಬಕೆಟ್ ಮೆಲ್ಲಗೆ ಬಗ್ಗಿಸಿ ತಳ ನೋಡಿ. ಬೆರಳಲ್ಲಿ ಮುಟ್ಟಿದ್ರೆ ಗರಗರ ಅನ್ನೋಷ್ಟು ಮರಳು ಕೂತಿರುತ್ತೆ. ಒಂದೇ ಬಕೆಟ್ ಆಗಿದ್ರೆ ಅದು ವಾಪಸ್ ಬಾನೆಟ್ ಮೇಲೆ ಹೋಗ್ತಿತ್ತು.

ಗ್ಲೌಸ್ ಕೈಜಾರಿ ನೆಲಕ್ಕೆ ಬಿದ್ರೆ ಅವತ್ತಿಗೆ ಅದನ್ನ ಪಕ್ಕಕ್ಕಿಡಿ. ಉಂಗುರ, ವಾಚು, ಬೆಲ್ಟ್ ಬಕಲ್ ಬಿಚ್ಚಿಡಿ, ರೂಫ್ ಒರೆಸೋಕೆ ಬಾಗಿಲಿಗೆ ಒರಗ್ತೀರಲ್ಲ, ಬಕಲ್ ಗೆರೆ ಬಂದ ಬಾಗಿಲುಗಳು ನಮ್ಮತ್ರ ಬರ್ತಾನೇ ಇರ್ತವೆ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬಟ್ಟೆ, ಬ್ರೇಕ್ ಪುಡಿ ಲೋಹದ ಪುಡಿ ಅದು, ಆ ಬಟ್ಟೆ ಯಾವತ್ತೂ ಪೇಂಟಿಗೆ ತಾಗಬಾರದು.

ಬಿಸಿಲಲ್ಲಿ ತೊಳೀಬೇಡಿ, ಓಡಿಸಿ ಬಂದ ತಕ್ಷಣಾನೂ ಬೇಡ, ಬಾನೆಟ್ ಮೇಲೆ ಅಂಗೈ ಇಟ್ರೆ ತಣ್ಣಗಿರಬೇಕು.

ಗೆರೆ ವಿಷಯ: ಮೆಷಿನ್ ಪಾಲಿಶ್ ಮಾಡಿದ್ರೆ ಹೋಗುತ್ತೆ. ಆದ್ರೆ ಪಾಲಿಶ್ ಅಂದ್ರೆ ಗೆರೆ ತುಂಬೋದಲ್ಲ, ಗೆರೆ ಎಷ್ಟು ಆಳ ಇದೆಯೋ ಅಷ್ಟು ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನೂ ತೆಗೆಯೋದು. ಪ್ರತಿ ಸಲ ಒಂದೆರಡು ಮೈಕ್ರಾನ್ ಹೋಗುತ್ತೆ, ಹೋಗಿದ್ದು ಬರಲ್ಲ. ಪ್ರತಿ ಸರ್ವೀಸಿಗೂ ರಬ್ಬಿಂಗ್ ಮಾಡ್ಸೋರನ್ನ ನೋಡಿದ್ರೆ ಸಂಕಟ ಆಗುತ್ತೆ ನಂಗೆ. ಮೊದ್ಲು ದಿನಾ ಒರೆಸೋದು ನಿಲ್ಲಿಸಿ, ತೊಳೆಯೋದು ಕೈಗೆ ಕೂರಲಿ, ಆಮೇಲೆ ಒಂದು ಸಲ ಒಳ್ಳೆ ಕಡೆ ಪಾಲಿಶ್ ಮಾಡ್ಸಿ. ಈಗ್ಲೇ ಮಾಡ್ಸಿ ಮತ್ತೆ ಅದೇ ಬಟ್ಟೇಲಿ ಒರೆಸಿಸಿದ್ರೆ ದುಡ್ಡೂ ಹೋಯ್ತು ಪೇಂಟೂ ಹೋಯ್ತು.

ಸ್ವಿಫ್ಟ್_ಪ್ರೇಮಿ

ಇಷ್ಟೆಲ್ಲ ಬೇಕಾ ಗುರು? ನಾನು ತಲೆಗೆ ಹಾಕೋ ಶಾಂಪೂ ಪ್ಯಾಕೆಟ್ ಒಡೆದು ಬಕೆಟಿಗೆ ಹಾಕಿ ತೊಳೀತೀನಿ, ವರ್ಷಗಟ್ಲೆಯಿಂದ ಇದೇ, ಏನೂ ಆಗಿಲ್ಲ. ಸಿಲ್ವರ್ ಗಾಡಿ ನಂದು.

ಪೇಂಟ್‌ಬೂತ್_ಶಿವಮೊಗ್ಗ

ಬ್ರೋ ತಲೆ ಶಾಂಪೂ ಹಾಕಿದ್ರೆ ಪೇಂಟ್ ಕಿತ್ಕೊಂಡು ಬರಲ್ಲ, ನಿಜ. ಸಿಲ್ವರಲ್ಲಿ ಗೆರೆ ಕಾಣೋದೂ ಕಮ್ಮಿ. ಪಾತ್ರೆ ಲಿಕ್ವಿಡ್ ಜಿಡ್ಡು ತೆಗೆಯೋಕೆ ಅಂತಾನೇ ಮಾಡಿರೋದು, ಕಾರಿಗೆ ಹಾಕಿದ್ರೆ ಪೇಂಟ್ ಕಾಪಾಡೋಕೆ ಮೇಲೆ ಹಚ್ಚಿರೋ ವ್ಯಾಕ್ಸ್ (ಮೇಣ) ತೆಕ್ಕೊಂಡು ಹೋಗುತ್ತೆ. ಬಟ್ಟೆ ಸೋಪಿನ ಪುಡಿ ಅಂತೂ ಬೇಡ್ವೇ ಬೇಡ, ಅದು ಕ್ಷಾರ, ಪೂರ್ತಿ ಕರಗದೆ ಪುಡಿ ಉಳಿದ್ರೆ ಅದೂ ಗೀಚುತ್ತೆ. ಕಾರ್ ಶಾಂಪೂ ಜಾರುತ್ತೆ, ಉಳಿದಿರೋ ಧೂಳು ಪೇಂಟಿಗೆ ಕಚ್ಚದೆ ಜಾರ್ಕೊಂಡು ಹೋಗುತ್ತೆ, ಅದಕ್ಕೋಸ್ಕರ ಅದು. ಒಂದು ಬಾಟಲಿ ತಗೊಂಡ್ರೆ ಎಷ್ಟೋ ತಿಂಗಳು ಬರುತ್ತೆ.

ಮಳೆನೀರು_ಜೆಪಿನಗರ

ಆರ್‌ಆರ್‌ನಗರದವರಿಗೆ ನೀರಿನ ವಿಷಯ ಹೇಳ್ತೀನಿ, ನಾನೂ ಅಪಾರ್ಟ್‌ಮೆಂಟೇ.

ಆ ಬಿಳಿ ಚುಕ್ಕೆ ಬೋರ್ ನೀರಲ್ಲಿ ಕರಗಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ. ನೀರು ಆರಿ ಹೋಗುತ್ತೆ, ಅದು ಅಲ್ಲೇ ಕೂರುತ್ತೆ, ಬಿಸಿಲು ಬಿದ್ರೆ ಕ್ಲಿಯರ್ ಕೋಟಿಗೇ ಕಚ್ಚುತ್ತೆ. ಕುಡಿಯೋ ನೀರಿಗೆ ಬಿಐಎಸ್‌ನವರು (ದೇಶದ ಗುಣಮಟ್ಟ ನಿಗದಿ ಮಾಡೋ ಸಂಸ್ಥೆ) ಗಡಸುತನ, ಅಂದ್ರೆ ಈ ಖನಿಜಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರು ಸಿಗದಿದ್ರೆ 600ರ ತನಕ ಆಗಬಹುದು ಅಂತಾರೆ. ಅಪಾರ್ಟ್‌ಮೆಂಟ್ ಬೋರ್ ನೀರಿನ ಟೆಸ್ಟ್ ರಿಪೋರ್ಟ್ ಅಸೋಸಿಯೇಷನ್ ಹತ್ರ ಇರುತ್ತೆ, ಕೇಳಿ ನೋಡಿ. ಹಾಗಂತ ಕಾವೇರಿ ನೀರು ಹಿಡ್ಕೊಂಡು ತೊಳೆಯೋಕೆ ಹೋಗ್ಬೇಡಿ. 2024ರ ಮಾರ್ಚಲ್ಲಿ ಬೋರ್‌ವೆಲ್ ಎಲ್ಲ ಬತ್ತಿದಾಗ ಜಲಮಂಡಳಿ ಕುಡಿಯೋ ನೀರಲ್ಲಿ ವಾಹನ ತೊಳೆಯೋದನ್ನ ಬ್ಯಾನ್ ಮಾಡಿ 5000 ರೂಪಾಯಿ ದಂಡ ಅಂತು, 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ದಂಡ ಬಿಡಿ, ಆ ಬೇಸಿಗೇಲಿ ಟ್ಯಾಂಕರಿಗೆ ಕಾದಿದ್ದು ನೆನಪಿರೋ ಯಾರಿಗೂ ಕಾರಿಗೆ ಪೈಪ್ ಹಿಡಿಯೋಕೆ ಮನಸ್ಸು ಬರಲ್ಲ.

ನಾನು ಮಾಡೋದು ರಿನ್ಸ್‌ಲೆಸ್ ವಾಶ್. ಅದರ ಲಿಕ್ವಿಡ್ ಬೇರೇನೇ ಬರುತ್ತೆ, ಶಾಂಪೂ ಅಲ್ಲ, ತೊಳೆದ ಮೇಲೆ ನೀರು ಹಾಕ್ಬೇಕಿಲ್ಲ. ನಾನು ತರೋದಕ್ಕೆ 4 ಲೀಟರ್ ನೀರಿಗೆ 15 ಎಂಎಲ್ ಸಾಕು, ನಿಮ್ಮ ಬಾಟಲಿ ಮೇಲೆ ಏನಿದೆ ನೋಡ್ಕೊಳ್ಳಿ. ಅದೇ ನೀರನ್ನ ಸ್ವಲ್ಪ ಸ್ಪ್ರೇ ಬಾಟಲಿಗೆ ಹಾಕಿ ಒಂದು ಪ್ಯಾನೆಲ್ ನೆನೆಸಿ, ಒಂದೆರಡು ನಿಮಿಷ ಬಿಟ್ಟು, ನಾಲ್ಕು ಮಡಿಕೆ ಮಾಡಿದ ಮೈಕ್ರೋಫೈಬರ್ ಬಟ್ಟೆ ಅದ್ದಿ ಒಂದೇ ದಿಕ್ಕಿಗೆ ಎಳೀತೀನಿ, ಬಟ್ಟೆ ತಿರುಗಿಸಿ ಹೊಸ ಮುಖ, ಮುಖ ಎಲ್ಲ ಆದ್ರೆ ಆ ಬಟ್ಟೆ ಪಕ್ಕಕ್ಕೆ, ಇನ್ನೊಂದು ಬಟ್ಟೆ. ಕೊಳಕು ಬಟ್ಟೆ ವಾಪಸ್ ಬಕೆಟಿಗೆ ಹಾಕೋ ಹಾಗೇ ಇಲ್ಲ. ಒಂದು ಕಾರಿಗೆ ಎಂಟು ಬಟ್ಟೆ ಇರಲಿ. ಮಳೆಗಾಲದಲ್ಲಿ ಟೆರೇಸ್ ನೀರು ಹಿಡಿದಿಟ್ಕೊಂಡ್ರೆ ಇನ್ನೂ ಒಳ್ಳೇದು, ಮಳೆ ನೀರಲ್ಲಿ ಖನಿಜ ಕಮ್ಮಿ, ಚುಕ್ಕೇನೇ ಉಳಿಯಲ್ಲ. ಕೆಸರು ಮೆತ್ಕೊಂಡಿದ್ರೆ ಮಾತ್ರ ರಿನ್ಸ್‌ಲೆಸ್ ಬೇಡ, ಮೊದ್ಲು ನೀರು ಹೊಡೆದು ಕೆಸರು ಇಳಿಸ್ಲೇಬೇಕು.

ಇರೋ ಚುಕ್ಕೆಗೆ ಬಿಳಿ ವಿನೆಗರ್ ಅರ್ಧ, ನೀರು ಅರ್ಧ. ತಣ್ಣಗಿರೋ ಪ್ಯಾನೆಲ್ ಮೇಲೆ ಅದ್ದಿದ ಬಟ್ಟೆ ಒಂದು ನಿಮಿಷ ಹಾಗೇ ಹೊದಿಸಿ, ತೆಗೆದು ಚೆನ್ನಾಗಿ ನೀರು ಹಾಕಿ.

ಒರೆಸೋಕೆ 400 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅನ್ನೋ ಅಳತೆ) ಮೇಲಿನ ದೊಡ್ಡ ಮೈಕ್ರೋಫೈಬರ್ ಟವೆಲ್ ತಗೊಂಡು ಅಂಚಲ್ಲಿರೋ ಲೇಬಲ್ ಕತ್ತರಿಸಿ ಬಿಸಾಕಿ, ಅದರ ಹೊಲಿಗೇನೂ ಗೀಚುತ್ತೆ. ಟವೆಲ್ ಹರಡಿ ಮೆಲ್ಲಗೆ ಎಳೀಬೇಕು, ತಿಕ್ಕೋದಲ್ಲ. ಈ ಬಟ್ಟೆಗಳನ್ನ ಮನೆ ಬಟ್ಟೆ ಜೊತೆ ವಾಷಿಂಗ್ ಮೆಷಿನ್ನಿಗೆ ಹಾಕ್ಬೇಡಿ, ಕಾಟನ್ ನೂಲೆಲ್ಲ ಹಿಡ್ಕೊಳ್ಳುತ್ತೆ, ಬಟ್ಟೆ ಮೆತ್ತಗಾಗೋಕೆ ಹಾಕೋ ಕಂಡೀಷನರ್ ಅಂತೂ ಬೇಡ, ಆಮೇಲೆ ನೀರೇ ಹೀರಲ್ಲ ಅದು.

ಹೊಸಪೇಟೆ_ಗಾಡಿ

ಬೆಂಗಳೂರಾಗ ಚುಕ್ಕಿ ಅಂತ ಚಿಂತಿ ಮಾಡ್ತೀರಿ, ನಮ್ಮ ಕಡೆ ಬರ್ರಿ ಸರ. ಸಂಡೂರ ಕಡಿಂದ ಅದಿರಿನ ಲಾರಿ ಓಡಾಡೋ ರೋಡಿನಾಗ ಒಂದ ದಿನ ಗಾಡಿ ನಿಲ್ಲಿಸಿದ್ರ ಬಿಳಿ ಕಾರು ಕೆಂಪ ಆಗಿರ್ತೈತಿ. ಆ ಧೂಳು ಮಣ್ಣಿನ್ಹಂಗ ಹಗುರ ಅಲ್ರೀ, ಕಬ್ಬಿಣದ ಅದಿರು, ಭಾಳ ಗಟ್ಟಿ. ಮುಂಜಾನೆ ಇಬ್ಬನಿ ಬಿದ್ದ ಮ್ಯಾಲೆ ಒಣ ಬಟ್ಟಿಲೆ ಒರಿಸಿದ್ರ ಮುಗೀತು ಕತಿ. ಗಾಡಿಯಾಗ ಇಡ್ತಾರಲ್ಲ ಉದ್ದ ನೂಲಿನ ಡಸ್ಟರ್, ಅದನ್ನ ನಮ್ಮ ಕಡೆ ಮುಟ್ಟಲೇಬಾರದ್ರಿ.

ತೊಳದು ಒಣಗಿಸಿದ ಮ್ಯಾಲೆ ಒಂದ ಕೆಲಸ ಮಾಡ್ರಿ. ಕೈಗೆ ತೆಳ್ಳನ ಪ್ಲಾಸ್ಟಿಕ್ ಕವರ್ ಹಾಕ್ಕೊಂಡು ಬಾನೆಟ್ ಮ್ಯಾಲೆ ಹಗುರಕ ಕೈ ಆಡಸ್ರಿ. ಬರಿಗೈಗೆ ನುಣ್ಣಗ ಅನಿಸಿದ್ದು ಕವರ್ ಒಳಗ ಗರಗರ ಅಂತೈತಿ. ಸ್ಟೀಲ್ ಪ್ಲಾಂಟ್ ಹತ್ರ, ರೈಲ್ವೆ ಲೈನ್ ಬಾಜು ನಿಲ್ಲೋ ಗಾಡಿಗೆ ಸಣ್ಣ ಸಣ್ಣ ಕಬ್ಬಿಣದ ಕಣ ಪೇಂಟಿಗೆ ನಟ್ಟಿರ್ತಾವು, ಮಳಿ ಬಿದ್ರ ತುಕ್ಕ ಹಿಡದು ಕಿತ್ತಳಿ ಬಣ್ಣದ ಚುಕ್ಕಿ ಆಗ್ತಾವು. ಜನ ಪೇಂಟೇ ತುಕ್ಕ ಹಿಡೀತು ಅಂತ ಗಾಬರಿ ಆಗ್ತಾರ. ಅದಕ್ಕ ಐರನ್ ರಿಮೂವರ್ ಅಂತ ಸ್ಪ್ರೇ ಬರ್ತೈತಿ, ಹೊಡದ್ರ ಕಬ್ಬಿಣ ಇದ್ದಲ್ಲಿ ನೇರಳಿ ಬಣ್ಣ ಆಗಿ ಇಳೀತೈತಿ, ವಾಸನಿ ಮಾತ್ರ ಕೆಟ್ಟದ. ಒಣಗೂದರೊಳಗ ನೀರ ಹಾಕಿ ತೊಳೀಬೇಕು. ಆಮ್ಯಾಲೂ ಗರಗರ ಉಳದ್ರ ಕ್ಲೇ ಬಾರ್, ಅಂದ್ರ ಪೇಂಟಿಗೆ ನಟ್ಟ ಕಣ ಕಿತ್ತು ತಗಿಯೋ ಜೇಡಿಮಣ್ಣಿನಂಥಾ ಮೆತ್ತನ ಮುದ್ದಿ. ಅದನ್ನ ಒಣ ಪೇಂಟ್ ಮ್ಯಾಲೆ ತಿಕ್ಕಬ್ಯಾಡ್ರಿ, ಶಾಂಪೂ ನೀರ ಹಾಕಿ ಜಾರೋಹಂಗ ಇರಬೇಕು. ಕ್ಲೇ ನೆಲಕ್ಕ ಬಿದ್ರ ಒಗದು ಬಿಡ್ರಿ, ಜೀವಕ್ಕ ನೋವಾದ್ರೂ. ವರ್ಷಕ್ಕ ಒಂದ್ಸಲ ಎರಡ್ಸಲ ಸಾಕು ಇದೆಲ್ಲ.

ಕರಾವಳಿ_ಡ್ರೈವ್

ಮಂಗಳೂರಿಂದ ಒಂದೆರಡು ಮಾತು. ಹಕ್ಕಿ ಹಿಕ್ಕೆ ಬಿದ್ರೆ ಭಾನುವಾರದ ತನಕ ಕಾಯ್ಬೇಡಿ ಮಾರಾಯ್ರೆ. ಅದ್ರಲ್ಲಿ ಆಸಿಡ್ ಉಂಟು, ಬಿಸಿಲಿಗೆ ಒಂದೇ ದಿನದಲ್ಲಿ ಕ್ಲಿಯರ್ ಕೋಟ್ ತಿಂದು ಗುರುತು ಮಾಡ್ತದೆ. ಗಾಡಿಯಲ್ಲಿ ಒಂದು ನೀರಿನ ಬಾಟಲಿ, ಟಿಶ್ಯೂ ಇಡಿ, ಒದ್ದೆ ಟಿಶ್ಯೂ ಹಿಕ್ಕೆ ಮೇಲೆ ಐದು ನಿಮಿಷ ಇಟ್ಟು ಮೆತ್ತಗೆ ಎತ್ತಿ, ಉಜ್ಜುದು ಬೇಡ. ಮಾವಿನ ಮರ ಹೂ ಬಿಡುವಾಗ ಅದರ ಅಡಿಯಲ್ಲಿ ನಿಲ್ಲಿಸಿದ್ರೆ ಜಿಗಿಹುಳದ ಅಂಟು ಬೀಳ್ತದೆ, ಅದಕ್ಕೂ ಬಿಸಿ ಅಲ್ಲ, ಉಗುರು ಬೆಚ್ಚಗಿನ ನೀರು. ಮತ್ತೆ ಮಳೆ ಬಂದ್ರೆ ಕಾರು ತೊಳೆದ ಹಾಗೆ ಅಂತ ಸುಮ್ಮನೆ ಕೂರ್ಬೇಡಿ, ನಮ್ಮಲ್ಲಿ ಕೆಂಪು ಕಲ್ಲಿನ ಮಣ್ಣು ಚಕ್ರದ ಗೂಡಿನ ಒಳಗೆ ಗಟ್ಟಿಯಾಗಿ ಕೂತು ನೀರು ಹಿಡ್ಕೊಳ್ತದೆ, ತುಕ್ಕು ಶುರು ಆಗುದು ಅಲ್ಲಿಂದಲೇ.

ಆರ್‌ಆರ್‌ನಗರ_ಕಪ್ಪುಕಾರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ. ರಿನ್ಸ್‌ಲೆಸ್ಸೇ ನಂಗೆ ಸರಿ ಅನ್ಸುತ್ತೆ. ಇನ್ನೆರಡು ಡೌಟ್. ಒರೆಸೋ ಅಣ್ಣನ್ನ ಬಿಡ್ಸೋಕೆ ಮನಸ್ಸಿಲ್ಲ, ಅವರ ಸಂಪಾದನೆ ಅದು. ಇನ್ನೊಂದು, ಆಯುಧ ಪೂಜೆ ಬರ್ತಿದೆ, ಅಮ್ಮ ಬಾನೆಟ್ ಪೂರ್ತಿ ಅರಿಶಿನ ಕುಂಕುಮ ಇಡ್ತಾರೆ, ಬಾಳೆಕಂದು ಕಟ್ತಾರೆ, ಬೇಡ ಅನ್ನೋಕಾಗಲ್ಲ, ಅನ್ನೋದೂ ಇಲ್ಲ.

ಪೇಂಟ್‌ಬೂತ್_ಶಿವಮೊಗ್ಗ

ಬಿಡಿಸ್ಬೇಡಿ ಸರ್. ದುಡ್ಡು ಅಷ್ಟೇ ಕೊಡಿ, ಬಾಡಿ ಮುಟ್ಟೋದು ಬೇಡ ಅಣ್ಣ, ಗ್ಲಾಸು, ಚಕ್ರ, ಒಳಗಿನ ಮ್ಯಾಟು ನೋಡ್ಕೊಳ್ಳಿ ಅನ್ನಿ. ಅವರಿಗೂ ಟೈಮ್ ಉಳಿಯುತ್ತೆ. ಗ್ಲಾಸಿಗೆ ಒಂದು, ಚಕ್ರಕ್ಕೆ ಒಂದು ಬೇರೆ ಬೇರೆ ಬಣ್ಣದ ಬಟ್ಟೆ ನೀವೇ ಕೊಟ್ಟಿಡಿ. ಬೇಸ್‌ಮೆಂಟಲ್ಲಿ ನಿಂತ ಕಾರಿನ ಮೇಲೆ ಒಂದು ವಾರದ ಧೂಳು ಇದ್ರೆ ಪೇಂಟಿಗೆ ಏನೂ ಆಗಲ್ಲ.

ಪೂಜೆ ಮಾಡ್ಲಿ, ವರ್ಷಕ್ಕೊಂದು ಹಬ್ಬ. ಹಿಂದಿನ ದಿನ ತೊಳೆದು ವ್ಯಾಕ್ಸ್ ಹಾಕಿಡಿ, ಕುಂಕುಮದ ಬಣ್ಣ ಬೇಗ ಕಚ್ಚಲ್ಲ. ದೊಡ್ಡ ಬೊಟ್ಟು ಮುಂದಿನ ಗ್ಲಾಸಿಗೆ, ನಂಬರ್ ಪ್ಲೇಟಿಗೆ ಇಡೋಕೆ ಅಮ್ಮನಿಗೆ ಹೇಳಿ, ಬಾನೆಟ್ ಮೇಲೆ ಬೆರಳಲ್ಲಿ ಎಳೆಯೋ ಬದಲು ಮುಟ್ಟಿಸಿದ್ರೆ ಸಾಕು, ಪುಡಿ ಒಣಗಿರೋದಕ್ಕಿಂತ ಕಲಸಿದ್ದು ಒಳ್ಳೇದು. ಬಾಳೆಕಂದನ್ನ ಗ್ರಿಲ್ಲಿಗೆ ಕಟ್ಟಿ, ಬಂಪರಿಗೆ ತಾಗೋ ಕಡೆ ಮಡಚಿದ ಟವೆಲ್ ಇಡಿ. ಮಂಗಳಾರತಿ ಆಗಿ ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ರೌಂಡ್ ಹೋಗಿ ಬಂದ ಮೇಲೆ ಬಾಳೆಕಂದು, ಹಾರ ಎಲ್ಲ ಬಿಚ್ಚಿ, ಹೈವೇಲಿ ಹಾರ ಹಾಕ್ಕೊಂಡು ಹೋದ್ರೆ ಅದರ ದಾರ, ಜರಿ ಗಾಳಿಗೆ ಬಾನೆಟ್ಟಿಗೆ ಬಡಿದು ಬಡಿದು ಮಂಕು ಮಾಡುತ್ತೆ. ಕುಂಕುಮ ಅವತ್ತು ಸಂಜೇನೇ ತೆಗೀರಿ, ಒಣ ಬಟ್ಟೆ ಬೇಡ, ಮೊದ್ಲು ಸ್ಪ್ರೇ ಮಾಡಿ ನೆನೆಸಿ, ನೀರಲ್ಲೇ ಇಳಿದು ಹೋಗ್ಲಿ, ಆಮೇಲೆ ಶಾಂಪೂ. ಅರಿಶಿನದ ಹಳದಿ ಸ್ವಲ್ಪ ಉಳಿದ್ರೆ ತಿಕ್ಕಬೇಡಿ, ಬಿಸಿಲಿಗೆ ತಾನಾಗೇ ಮಾಸುತ್ತೆ.